ಫೋನಿಗೆ ಬೇಡದ ಸ್ಟೈಲ್‌ಶೀಟ್ ಫೋನಿಗೆ ಯಾಕೆ ಬರುತ್ತೆ?

0:00

ಪರದೆಯಲ್ಲಿ: ಹೆಡ್ ಭಾಗದೊಳಗೆ ನಾಲ್ಕು ಲಿಂಕ್ ಟ್ಯಾಗ್‌ಗಳು. ಫೈಲುಗಳ ಹೆಸರು ಬೇಸ್, ವೈಡ್, ಡಾರ್ಕ್, ಪ್ರಿಂಟ್. ಎರಡನೇ ಸಾಲು ಹೊಳೆಯುತ್ತದೆ.

ನಮಸ್ಕಾರ. ಈ ಎರಡನೇ ಸಾಲು ನೋಡಿ. ವೈಡ್ ಅನ್ನೋ ಸ್ಟೈಲ್‌ಶೀಟ್. ಅದರ ಮೀಡಿಯಾ ಆಟ್ರಿಬ್ಯೂಟ್‌ನಲ್ಲಿ ಒಂದು ಷರತ್ತಿದೆ: ಪರದೆ ಕನಿಷ್ಠ 900 ಪಿಕ್ಸೆಲ್ ಅಗಲ ಇರಬೇಕು. ಇದೇ ಪುಟವನ್ನ 360 ಪಿಕ್ಸೆಲ್ ಅಗಲದ ಫೋನಿನಲ್ಲಿ ತೆರೆದರೆ ವೈಡ್ ಫೈಲ್ ಡೌನ್‌ಲೋಡ್ ಆಗುತ್ತಾ, ಇಲ್ವಾ?

ಷರತ್ತು ಹೊಂದಲ್ಲ, ಹಾಗಾಗಿ ಡೌನ್‌ಲೋಡೂ ಆಗಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಆದರೆ ಆಗುತ್ತೆ. ಕೊನೇ ಬೈಟ್‌ವರೆಗೂ ಪೂರ್ತಿ ಫೈಲ್ ಬರುತ್ತೆ. ಪ್ರಿಂಟ್ ಫೈಲೂ ಬರುತ್ತೆ, ಆ ಫೋನಿಗೆ ಪ್ರಿಂಟರ್ ಅನ್ನೋದೇ ಗೊತ್ತಿಲ್ಲದಿದ್ದರೂ.

ಲಿಂಕ್ ಟ್ಯಾಗ್ ಅಂದರೇನು, ಮೀಡಿಯಾ ಕ್ವೆರಿ ಹೇಗೆ ಬರೀತಾರೆ ಅನ್ನೋದನ್ನ ಇಲ್ಲಿ ಹೇಳಲ್ಲ, ಅದು ನಿಮಗೆ ಗೊತ್ತಿದೆ. ಹಳೇ ಟ್ಯುಟೋರಿಯಲ್‌ಗಳಲ್ಲಿ ಕಾಣೋ, ಬ್ರೌಸರ್ ನೋಡಿ ಸ್ಟೈಲ್‌ಶೀಟ್ ಆರಿಸೋ ಕಂಡೀಷನಲ್ ಕಾಮೆಂಟ್ ಬಗ್ಗೆ ಮಾತ್ರ ಒಂದು ಮಾತು. ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಿಂದ 9ರವರೆಗೆ ಮಾತ್ರ ಅರ್ಥವಾಗ್ತಿದ್ದ ಬರಹ ಅದು. 2012ರಲ್ಲಿ ಬಂದ 10ನೇ ಆವೃತ್ತಿಯೇ ಅದನ್ನ ಕೈಬಿಟ್ಟಿತು. ನಿಮ್ಮ ಟೆಂಪ್ಲೇಟ್‌ನಲ್ಲಿ ಇನ್ನೂ ಉಳಿದಿದ್ದರೆ ಇವತ್ತೇ ಅಳಿಸಿ.

1:10

ಪರದೆಯಲ್ಲಿ: ಕ್ರೋಮ್ ಡೆವ್‌ಟೂಲ್ಸ್, ನೆಟ್‌ವರ್ಕ್ ಟ್ಯಾಬ್. ಕಾಲಂ ಶೀರ್ಷಿಕೆ ಮೇಲೆ ರೈಟ್ ಕ್ಲಿಕ್, ಪ್ರಯಾರಿಟಿ ಅನ್ನೋದಕ್ಕೆ ಟಿಕ್.

ಕಣ್ಣಾರೆ ನೋಡೋಣ. ನೆಟ್‌ವರ್ಕ್ ಟ್ಯಾಬ್ ತೆರೆದು ಡಿಸೇಬಲ್ ಕ್ಯಾಶ್ ಟಿಕ್ ಮಾಡಿ, ಸಿಎಸ್‌ಎಸ್ ಮಾತ್ರ ಕಾಣೋ ಹಾಗೆ ಫಿಲ್ಟರ್ ಹಾಕಿ, ಪುಟ ರಿಲೋಡ್ ಮಾಡಿ. ನಾಲ್ಕೂ ಫೈಲು ಪಟ್ಟಿಯಲ್ಲಿವೆ. ಪ್ರಯಾರಿಟಿ ಕಾಲಂನಲ್ಲಿ ಬೇಸ್ ಎದುರಿಗೆ ಹೈಯೆಸ್ಟ್ ಅಂತಿದೆ. ಷರತ್ತು ಹೊಂದದ ಫೈಲುಗಳ ಎದುರಿಗೆ ಲೋಯೆಸ್ಟ್.

ಮದುವೆ ಮನೆಯ ಅಡುಗೆ ನೆನಪು ಮಾಡ್ಕೊಳ್ಳಿ. ಅನ್ನ, ಸಾರು ಆಗದೆ ಮೊದಲನೇ ಪಂಕ್ತಿ ಕೂರಿಸೋಕಾಗಲ್ಲ, ಎಲ್ಲರೂ ಅದಕ್ಕೆ ಕಾಯಬೇಕು. ಹಿಂದಿನ ಒಲೆ ಮೇಲೆ ರಾತ್ರಿ ಊಟದ ಪಾಯಸ ಬೇಯ್ತಿರುತ್ತೆ, ಅದಕ್ಕಾಗಿ ಎಲೆ ಮುಂದೆ ಕೂತವರನ್ನ ಯಾರೂ ಕಾಯಿಸಲ್ಲ. ಆದರೆ ಗ್ಯಾಸ್ ಅಲ್ಲೂ ಉರೀತಿದೆ. ಬೇಸ್ ಫೈಲ್ ಅನ್ನ. ಅದು ಬರದೆ ಬ್ರೌಸರ್ ಪುಟವನ್ನ ತೋರಿಸಲ್ಲ. ವೈಡ್ ಹಿಂದಿನ ಒಲೆಯ ಪಾಯಸ. ಅದಕ್ಕೆ ಪುಟ ಕಾಯಲ್ಲ, ಆದರೆ ಓದುಗರ ಡೇಟಾ ಖರ್ಚಾಗುತ್ತೆ.

ಬ್ರೌಸರ್ ಹೀಗೆ ಮಾಡೋದಕ್ಕೆ ಗಟ್ಟಿಯಾದ ಕಾರಣ ಇದೆ. ಮೀಡಿಯಾ ಷರತ್ತು ಯಾವ ಕ್ಷಣದಲ್ಲಾದರೂ ಬದಲಾಗಬಹುದು. ಫೋನ್ ಅಡ್ಡ ಹಿಡಿದರೆ ಅಗಲ ಬದಲಾಯ್ತು. ಲ್ಯಾಪ್‌ಟಾಪ್‌ನಲ್ಲಿ ಕಿಟಕಿಯ ಅಂಚು ಎಳೆದರೂ ಅಷ್ಟೇ. ಸಂಜೆಯಾಗ್ತಿದ್ದ ಹಾಗೆ ಆಪರೇಟಿಂಗ್ ಸಿಸ್ಟಂ ತಾನಾಗೇ ಡಾರ್ಕ್‌ಗೆ ಹೋಗಬಹುದು. ಆ ಹೊತ್ತಿಗೆ ಫೈಲ್ ತರೋಕೆ ಹೊರಟರೆ ಪುಟ ಅರ್ಧಂಬರ್ಧ ಕಾಣುತ್ತೆ. ರೈಲಿನಲ್ಲಿ ಸಿಗ್ನಲ್ ಹೋದಾಗ ಪ್ರಿಂಟ್ ಒತ್ತಿದರೆ ಪ್ರಿಂಟ್ ಫೈಲ್ ಎಲ್ಲಿಂದ ತರೋದು? ಅದಕ್ಕೇ ಮೊದಲೇ ತಂದಿಡುತ್ತೆ.

ಅಂದರೆ ಮೀಡಿಯಾ ಆಟ್ರಿಬ್ಯೂಟ್ ಎರಡು ವಿಷಯ ತೀರ್ಮಾನಿಸುತ್ತೆ: ಈ ಶೈಲಿ ಈಗ ಪುಟಕ್ಕೆ ಅನ್ವಯಿಸಬೇಕಾ, ಇದಕ್ಕಾಗಿ ಪುಟ ಕಾಯಬೇಕಾ. ಫೈಲನ್ನ ತರಬೇಕಾ ಅನ್ನೋದು ಅದರ ಕೈಯಲ್ಲಿಲ್ಲ.

3:00

ಪರದೆಯಲ್ಲಿ: ಇಂಗ್ಲಿಷ್ ಪುಟ. ಮೇಲ್ಗಡೆ ಬಲಮೂಲೆಯಲ್ಲಿ "ಕನ್ನಡ" ಎಂಬ ಚಿಕ್ಕ ಬಟನ್.

ಇನ್ನು ಇದಕ್ಕೆ ಪೂರ್ತಿ ಉಲ್ಟಾ ನಡೆಯೋ ಒಂದು ಸಂಗತಿ. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ತೀನಿ, ಕನ್ನಡ ಸೈಟ್ ಮಾಡೋರಿಗೆ ಇದರಷ್ಟು ಕೆಲಸಕ್ಕೆ ಬರೋದು ಬೇರೆ ಇಲ್ಲ.

ಸ್ಟೈಲ್‌ಶೀಟ್ ಬೇಡದಿದ್ದರೂ ಬರುತ್ತೆ. ಆದರೆ ಅದರೊಳಗೆ ಫಾಂಟ್-ಫೇಸ್ ಅಂತ ಬರೆದ ಫಾಂಟ್ ಫೈಲ್ ಬೇಕು ಅನ್ನಿಸೋವರೆಗೂ ಬರಲ್ಲ. ಫಾಂಟ್-ಫೇಸ್ ಒಳಗೆ ಯೂನಿಕೋಡ್-ರೇಂಜ್ ಅನ್ನೋ ಸಾಲಿನಲ್ಲಿ ಕನ್ನಡದ ವ್ಯಾಪ್ತಿ ಕೊಡಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ ಜಾಗ 128 ಸ್ಥಾನಗಳದ್ದು. ಬ್ರೌಸರ್ ಪುಟದ ಅಕ್ಷರಗಳನ್ನ ಜೋಡಿಸೋಕೆ ಕೂತಾಗ, ಆ ಫಾಂಟ್ ಹೇಳಿದ ಜಾಗದಲ್ಲಿ ಆ ವ್ಯಾಪ್ತಿಯ ಒಂದಾದರೂ ಅಕ್ಷರ ಇದೆಯಾ ನೋಡುತ್ತೆ. ಇದ್ದರೆ ಫೈಲ್ ತರುತ್ತೆ, ಇಲ್ಲದಿದ್ದರೆ ಮುಟ್ಟಲ್ಲ. ಹಾಗಾಗಿ ಕನ್ನಡ ಪುಟಕ್ಕೊಂದು, ಇಂಗ್ಲಿಷ್ ಪುಟಕ್ಕೊಂದು ಅಂತ ಎರಡು ಫಾಂಟ್ ಸ್ಟೈಲ್‌ಶೀಟ್ ಮಾಡಿ ಸರ್ವರ್‌ನಲ್ಲಿ ಆರಿಸೋ ಅಗತ್ಯವೇ ಇಲ್ಲ.

ಆದರೆ ಆ ಬಟನ್ ನೋಡಿ. ಇಡೀ ಪುಟ ಇಂಗ್ಲಿಷ್, ಭಾಷೆ ಬದಲಿಸೋ ಬಟನ್ ಮೇಲೆ ಮಾತ್ರ "ಕನ್ನಡ" ಅಂತ ಮೂರು ಅಕ್ಷರ. ಆ ಮೂರು ಅಕ್ಷರಕ್ಕೋಸ್ಕರ ಪೂರ್ತಿ ಕನ್ನಡ ಫಾಂಟ್ ಇಳಿಯುತ್ತೆ! ಒತ್ತಕ್ಷರಗಳೆಲ್ಲ ಸೇರಿ ಕನ್ನಡ ಫಾಂಟ್ ಫೈಲು ಚಿಕ್ಕದಿರಲ್ಲ. ಪರಿಹಾರ ಒಂದೇ ಸಾಲು: ಆ ಬಟನ್‌ಗೆ ನಿಮ್ಮ ವೆಬ್ ಫಾಂಟ್ ಬೇಡ, ಬರೀ ಸ್ಯಾನ್ಸ್-ಸೆರಿಫ್ ಕೊಡಿ. ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಮ್ಯಾಕ್‌ನಲ್ಲಿ ಕನ್ನಡ ಸಂಗಂ, ಆಂಡ್ರಾಯ್ಡ್‌ನಲ್ಲಿ ನೋಟೋ ಆಗಲೇ ಸಿಸ್ಟಂನಲ್ಲಿವೆ. ಬಟನ್ ಮೇಲಿನ ಮೂರು ಅಕ್ಷರಕ್ಕೆ ಅವು ಧಾರಾಳ ಸಾಕು.

ವ್ಯಾಪ್ತಿ ಬರೆಯುವಾಗ ಎರಡು ಎಚ್ಚರ. ಒಂದು, ಕಣ್ಣಿಗೆ ಕಾಣದ ಝೀರೋ ವಿಡ್ತ್ ಜಾಯಿನರ್ ಮತ್ತು ನಾನ್-ಜಾಯಿನರ್‌ಗಳನ್ನ ಸೇರಿಸಿ. "ರ‍್ಯಾಂಕ್" ಅಂತ ಬರೆದಾಗ ರ ಅರ್ಕಾವತ್ತಾಗದೆ ಹಾಗೇ ನಿಂತು, ಕೆಳಗೆ ಯ ಒತ್ತು ಬರೋದು ಈ ಜಾಯಿನರ್‌ನಿಂದ. ಇವು ಕನ್ನಡದ 128ರ ಒಳಗೆ ಇಲ್ಲ, ಬೇರೆ ಜಾಗದಲ್ಲಿವೆ. ಎರಡು, ರೂಪಾಯಿ ಚಿಹ್ನೆ. ಅದನ್ನ ಕನ್ನಡ ವ್ಯಾಪ್ತಿಗೆ ಸೇರಿಸಿ ಆ ಫಾಂಟ್-ಫೇಸ್ ಅನ್ನ ಕೊನೆಯಲ್ಲಿ ಇಟ್ಟರೆ, ಇಂಗ್ಲಿಷ್ ಪುಟದಲ್ಲಿ ಬೆಲೆ ಬರೆದಲ್ಲೆಲ್ಲ ಕನ್ನಡ ಫಾಂಟ್ ಕರೆದಂತಾಗುತ್ತೆ. ಒಂದೇ ಹೆಸರಿನ ಫಾಂಟ್-ಫೇಸ್‌ಗಳ ವ್ಯಾಪ್ತಿ ಒಂದರ ಮೇಲೊಂದು ಬಂದರೆ ಕೊನೆಯಲ್ಲಿ ಬರೆದದ್ದೇ ಗೆಲ್ಲುತ್ತೆ. ರೂಪಾಯಿ ಚಿಹ್ನೆ ಇಂಗ್ಲಿಷ್ ಭಾಗದಲ್ಲೇ ಇರಲಿ.

ಜೊತೆಗೆ ಲ್ಯಾಂಗ್ ಸೆಲೆಕ್ಟರ್ ಬಳಸಿ ಕನ್ನಡಕ್ಕೆ ಸಾಲಿನ ಎತ್ತರ 1.6ರ ಆಸುಪಾಸು ಕೊಡಿ. 1.2 ಇಟ್ಟು, ಡಬ್ಬದಿಂದ ಹೊರಹೋದದ್ದನ್ನ ಮುಚ್ಚೋ ಓವರ್‌ಫ್ಲೋ ಹಿಡನ್ ಹಾಕಿದರೆ "ರಾಷ್ಟ್ರ"ದ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತೆ. ಇದಕ್ಕೂ ಬೇರೆ ಫೈಲ್ ಬೇಡ.

5:30

ಪರದೆಯಲ್ಲಿ: ಕತ್ತಲೆ ಕೋಣೆ. ಫೋನ್ ಪರದೆ ಕ್ಷಣಮಾತ್ರ ಬೆಳ್ಳಗೆ ಹೊಳೆದು ಕಪ್ಪಾಗುತ್ತದೆ.

ಡಾರ್ಕ್ ಥೀಮ್‌ಗೆ ಬರೋಣ. ಸಿಸ್ಟಂ ಥೀಮ್ ಕೇಳೋ ಮೀಡಿಯಾ ಕ್ವೆರಿ 2019ರಲ್ಲಿ ಸಫಾರಿ, ಫೈರ್‌ಫಾಕ್ಸ್, ಕ್ರೋಮ್ ಮೂರಕ್ಕೂ ಬಂತು. ಅದನ್ನ ಲಿಂಕ್ ಟ್ಯಾಗ್‌ಗೆ ಹಾಕಿ ಡಾರ್ಕ್ ಫೈಲ್ ಬೇರೆ ಮಾಡೋದು ಸಾಮಾನ್ಯ ಅಭ್ಯಾಸ. ನನ್ನ ಅಭಿಪ್ರಾಯ ಸ್ಪಷ್ಟ: ಬೇಡ. ಬಣ್ಣಗಳನ್ನೆಲ್ಲ ಸಿಎಸ್‌ಎಸ್ ವೇರಿಯಬಲ್ ಮಾಡಿದರೆ ಡಾರ್ಕ್ ಥೀಮ್ ಅಂದರೆ ಮೂವತ್ತು ನಲವತ್ತು ಸಾಲು. ಅಷ್ಟಕ್ಕೆ ಇನ್ನೊಂದು ರಿಕ್ವೆಸ್ಟ್ ಯಾಕೆ? ಬೇಸ್ ಫೈಲಿನಲ್ಲೇ ಇಡಿ.

ಕಷ್ಟ ಇರೋದು ಬೇರೆ ಕಡೆ. ಸಿಸ್ಟಂ ಲೈಟ್‌ನಲ್ಲಿದೆ, ಓದುಗರು ನಿಮ್ಮ ಸೈಟಿನಲ್ಲಿ ಮಾತ್ರ ಡಾರ್ಕ್ ಆರಿಸಿದ್ದಾರೆ. ಆ ಆಯ್ಕೆ ಲೋಕಲ್‌ಸ್ಟೋರೇಜ್‌ನಲ್ಲಿ, ಅಂದರೆ ಬ್ರೌಸರ್ ಸೈಟಿಗೆಂದು ಕೊಡೋ ಸಂಗ್ರಹದಲ್ಲಿದೆ, ಅದನ್ನ ಓದೋಕೆ ಜಾವಾಸ್ಕ್ರಿಪ್ಟ್ ಬೇಕು. ಆ ಸ್ಕ್ರಿಪ್ಟ್ ಪುಟದ ಕೊನೆಯಲ್ಲಿದ್ದರೆ ಮೊದಲು ಬಿಳಿ ಹೊಡೆದು ಆಮೇಲೆ ಕಪ್ಪಾಗುತ್ತೆ. ಮಲಗುವ ಹೊತ್ತಲ್ಲಿ ಓದೋರ ಕಣ್ಣಿಗೆ ಅದು ನಿಜಕ್ಕೂ ಹಿಂಸೆ.

ಆ ಸ್ಕ್ರಿಪ್ಟ್ ಮೂರ್ನಾಲ್ಕು ಸಾಲಿನದಾಗಿರಲಿ, ಹೆಡ್ ಒಳಗೇ ಬರೀರಿ, ಮತ್ತು ಎಲ್ಲ ಸ್ಟೈಲ್‌ಶೀಟ್ ಲಿಂಕ್‌ಗಳಿಗಿಂತ ಮೇಲೆ ಇಡಿ. ಮೇಲೆ ಯಾಕೆ ಅಂದರೆ, ಸ್ಟೈಲ್‌ಶೀಟ್ ಲಿಂಕ್ ಆದಮೇಲೆ ಬರೋ ಸ್ಕ್ರಿಪ್ಟ್ ಆ ಫೈಲ್ ಬರೋವರೆಗೂ ಓಡಲ್ಲ. ಸ್ಕ್ರಿಪ್ಟ್ ಯಾವುದಾದರೂ ಡಬ್ಬದ ಅಗಲ ಕೇಳಿಬಿಟ್ಟರೆ ತಪ್ಪು ಉತ್ತರ ಕೊಡಬಾರದಲ್ಲ, ಅದಕ್ಕೇ ಬ್ರೌಸರ್ ಅದನ್ನ ತಡೆದು ನಿಲ್ಲಿಸುತ್ತೆ. ಸ್ಕ್ರಿಪ್ಟ್ ಮಾಡಬೇಕಾದ್ದು ಇಷ್ಟೇ: ಆಯ್ಕೆ ಓದಿ, ಎಚ್‌ಟಿಎಂಎಲ್ ಟ್ಯಾಗ್ ಮೇಲೆ ಡೇಟಾ-ಥೀಮ್ ಅಂತ ಆಟ್ರಿಬ್ಯೂಟ್ ಹಾಕೋದು. ಟ್ರೈ-ಕ್ಯಾಚ್ ಮರೆಯಬೇಡಿ. ಸೈಟ್ ಡೇಟಾವನ್ನ ಬ್ರೌಸರ್‌ನಲ್ಲಿ ಬ್ಲಾಕ್ ಮಾಡಿದ್ದರೆ ಲೋಕಲ್‌ಸ್ಟೋರೇಜ್ ಮುಟ್ಟಿದ ಕೂಡಲೇ ಎರರ್ ಬರುತ್ತೆ. ಇನ್ನೊಂದು, ಕಲರ್-ಸ್ಕೀಮ್ ಮೆಟಾ ಟ್ಯಾಗ್‌ನಲ್ಲಿ ಲೈಟ್, ಡಾರ್ಕ್ ಎರಡೂ ಇರಲಿ. ಡಾರ್ಕ್ ಸಿಸ್ಟಂನಲ್ಲಿ ಸಿಎಸ್‌ಎಸ್ ಬರೋ ಮುಂಚಿನ ಖಾಲಿ ಪುಟವೂ ಆಗ ಕಪ್ಪಾಗಿರುತ್ತೆ, ಸ್ಕ್ರಾಲ್‌ಬಾರೂ ಹೊಂದಿಕೊಳ್ಳುತ್ತೆ.

7:40

ಪರದೆಯಲ್ಲಿ: ವರ್ಡ್‌ಪ್ರೆಸ್‌ನ ಫಂಕ್ಷನ್ಸ್ ಫೈಲ್.

ಹಾಗಾದರೆ ಬೇರೆ ಫೈಲ್ ಯಾವಾಗ ಬೇಕು? ಭಾರ ದೊಡ್ಡದಿದ್ದು ಬೇಕಾಗೋ ಪುಟ ಕೆಲವೇ ಇದ್ದಾಗ. ನಕ್ಷೆ, ಎಡಿಟರ್, ಚೆಕ್‌ಔಟ್, ಫೋಟೋ ಗ್ಯಾಲರಿ. ಇಲ್ಲಿ ತೀರ್ಮಾನ ಸರ್ವರ್‌ನಲ್ಲೇ ಆಗಲಿ. ಲಿಂಕ್ ಟ್ಯಾಗ್ ಪುಟದಲ್ಲೇ ಇಲ್ಲದಿದ್ದರೆ ಡೌನ್‌ಲೋಡ್ ಮಾತೇ ಬರಲ್ಲ.

ವರ್ಡ್‌ಪ್ರೆಸ್‌ನಲ್ಲಿ ಪದೇಪದೇ ಆಗೋ ತಪ್ಪು ಇದು: ಫಂಕ್ಷನ್ಸ್ ಫೈಲಿನಲ್ಲಿ ನೇರವಾಗಿ "ಇದು ಸಂಪರ್ಕ ಪುಟವಾ" ಅಂತ ಇಸ್-ಪೇಜ್ ಮೂಲಕ ಕೇಳೋದು. ಉತ್ತರ ಯಾವಾಗಲೂ ಇಲ್ಲ ಅಂತಲೇ ಬರುತ್ತೆ. ಯಾವ ಪುಟ ಅನ್ನೋ ಕ್ವೆರಿ ಆಗಿನ್ನೂ ಓಡಿರಲ್ಲ. ಆ ಪ್ರಶ್ನೆಯನ್ನ ಎನ್‌ಕ್ಯೂ-ಸ್ಕ್ರಿಪ್ಟ್ಸ್ ಹುಕ್‌ನ ಒಳಗೆ, ಅಂದರೆ ಆಮೇಲೆ ಸರಿಯಾದ ಹೊತ್ತಿಗೆ ವರ್ಡ್‌ಪ್ರೆಸ್ ತಾನೇ ಕರೆಯೋ ಜಾಗದಲ್ಲಿ ಕೇಳಿ, ಅಲ್ಲೇ ಸ್ಟೈಲ್ ಸೇರಿಸಿ. ಹೆಸರು ಸ್ಕ್ರಿಪ್ಟ್ಸ್ ಅಂತಿದ್ದರೂ ಸ್ಟೈಲ್‌ಗೂ ಅದೇ ಹುಕ್. ಅಂಗಡಿ ನಡೆಸೋ ಪ್ಲಗಿನ್ ವೂಕಾಮರ್ಸ್ ಇದ್ದರೆ, ಇಸ್-ವೂಕಾಮರ್ಸ್ ಅನ್ನೋದು ಕಾರ್ಟ್, ಚೆಕ್‌ಔಟ್ ಪುಟಗಳಲ್ಲಿ ಹೌದು ಅನ್ನಲ್ಲ. ಇಸ್-ಕಾರ್ಟ್, ಇಸ್-ಚೆಕ್‌ಔಟ್ ಬೇರೆಯಾಗಿ ಕೇಳಬೇಕು. ಇದು ಗೊತ್ತಿಲ್ಲದೆ ಸ್ಟೈಲ್ ತೆಗೆದುಹಾಕಿದರೆ ಅಂಗಡಿ ಪುಟ ಚೆನ್ನಾಗೇ ಕಾಣ್ತಿರುತ್ತೆ, ಹಣ ಕಟ್ಟೋ ಪುಟದಲ್ಲಿ ಫಾರಂ ಚೆಲ್ಲಾಪಿಲ್ಲಿಯಾಗಿರುತ್ತೆ.

ಸರ್ವರ್‌ನಲ್ಲಿ ಪುಟ ನೋಡಿ ತೀರ್ಮಾನಿಸಿ, ಸಾಧನ ನೋಡಿ ಬೇಡ. ಬ್ರೌಸರ್ ಕಳಿಸೋ ಯೂಸರ್-ಏಜೆಂಟ್ ಹೆಸರು ನಂಬೋ ಹಾಗಿಲ್ಲ. 2019ರ ಐಪ್ಯಾಡ್‌ಓಎಸ್ 13ರಿಂದ ಐಪ್ಯಾಡ್‌ನ ಸಫಾರಿ ತನ್ನನ್ನ ಮ್ಯಾಕ್ ಅಂತಲೇ ಪರಿಚಯಿಸಿಕೊಳ್ಳುತ್ತೆ. ಕುಕೀ ನೋಡಿ ಎಚ್‌ಟಿಎಂಎಲ್ ಬದಲಿಸಿದರೆ ಇನ್ನೊಂದು ತೊಂದರೆ. ಪುಟದ ಪ್ರತಿ ಇಟ್ಟುಕೊಂಡು ಹಂಚೋ ಮಧ್ಯದ ಸರ್ವರ್, ಅಂದರೆ ಸಿಡಿಎನ್, ಒಬ್ಬರಿಗೆ ಕೊಟ್ಟ ಡಾರ್ಕ್ ಪುಟವನ್ನೇ ಎತ್ತಿಟ್ಟುಕೊಂಡು ಊರಿಗೆಲ್ಲ ಹಂಚಿಬಿಡಬಹುದು. ಅದಕ್ಕೆ ವೇರಿ ಹೆಡರ್‌ನಲ್ಲಿ ಕುಕೀ ಅಂತ ಬರೆದರೆ ಪ್ರತಿಯೊಬ್ಬರ ಕುಕೀಗೂ ಒಂದೊಂದು ಪ್ರತಿಯಾಗಿ ಕ್ಯಾಶ್ ಇದ್ದೂ ಇಲ್ಲದ ಹಾಗೆ.

9:20

ಸಮಯ ಆಗ್ತಿದೆ, ಬ್ರೌಸರ್ ಕಡೆಯ ಸಂಗತಿಗಳನ್ನ ಬೇಗ ಹೇಳಿಬಿಡ್ತೀನಿ.

ಡೌನ್‌ಲೋಡನ್ನೇ ತಡೀಬೇಕಾ? ಲಿಂಕ್ ಟ್ಯಾಗ್‌ಗೆ ಡಿಸೇಬಲ್ಡ್ ಅಂತ ಆಟ್ರಿಬ್ಯೂಟ್ ಹಾಕಿ. ಅದನ್ನ ಸ್ಕ್ರಿಪ್ಟ್ ತೆಗೆಯೋವರೆಗೂ ಫೈಲ್ ಬರಲ್ಲ. ಜಾವಾಸ್ಕ್ರಿಪ್ಟ್ ಕೈಕೊಟ್ಟರೆ ಎಂದಿಗೂ ಬರಲ್ಲ, ಹಾಗಾಗಿ ಮುಖ್ಯ ವಿನ್ಯಾಸಕ್ಕೆ ಇದು ಬೇಡ. ಇನ್ನೊಂದು ದಾರಿ, ಜಾವಾಸ್ಕ್ರಿಪ್ಟ್‌ನ ಮ್ಯಾಚ್‌ಮೀಡಿಯಾದಲ್ಲಿ ಷರತ್ತು ಪರೀಕ್ಷಿಸಿ, ಹೊಂದಿದರೆ ಮಾತ್ರ ಲಿಂಕ್ ಸೃಷ್ಟಿಸೋದು. ಅದರ ಚೇಂಜ್ ಈವೆಂಟನ್ನೂ ಕೇಳಿಸ್ಕೊಳ್ಳಿ, ಇಲ್ಲದಿದ್ದರೆ ಫೋನ್ ತಿರುಗಿಸಿದಾಗ ಏನೂ ಆಗಲ್ಲ. ಸ್ಕ್ರಿಪ್ಟ್ ಸೇರಿಸಿದ ಲಿಂಕ್‌ಗೆ ಪುಟ ಕಾಯಲ್ಲ, ಶೈಲಿ ಇಲ್ಲದ ಪುಟ ಒಂದು ಕ್ಷಣ ಕಾಣಬಹುದು. ಹೆಡ್ ಒಳಗಿನ ಸ್ಕ್ರಿಪ್ಟ್ ಅದನ್ನ ಸೇರಿಸುವಾಗ ಬ್ಲಾಕಿಂಗ್ ಆಟ್ರಿಬ್ಯೂಟ್‌ಗೆ ರೆಂಡರ್ ಅಂತ ಕೊಟ್ಟರೆ ಪುಟ ಕಾಯುತ್ತೆ. ಕ್ರೋಮ್‌ನಲ್ಲಿ ಇದು 105ನೇ ಆವೃತ್ತಿಯಿಂದ ಇದೆ.

ಪುಟ ಬದಲಾದರೂ ರಿಲೋಡ್ ಆಗದ ಸಿಂಗಲ್ ಪೇಜ್ ಆ್ಯಪ್‌ಗಳಲ್ಲಿ ಒಂದು ಕಾಡೋ ಬಗ್ ಇದೆ. ಹೋಮ್‌ಗೆ ನೇರವಾಗಿ ಬಂದರೆ ಬಟನ್ ಹಸಿರು, ಕಾರ್ಟ್‌ಗೆ ಹೋಗಿ ವಾಪಸ್ ಬಂದರೆ ಕಿತ್ತಳೆ. ಕಾರ್ಟ್‌ಗೆಂದು ಸೇರಿಸಿದ ಲಿಂಕ್ ಹೆಡ್‌ನ ಕೊನೆಯಲ್ಲಿ ಹಾಗೇ ಉಳಿದಿರುತ್ತೆ, ಸೆಲೆಕ್ಟರ್‌ಗಳ ತೂಕ ಸಮ ಇದ್ದಾಗ ಕೊನೆಯಲ್ಲಿ ಬಂದದ್ದು ಗೆಲ್ಲುತ್ತೆ. ರಿಲೋಡ್ ಮಾಡಿದರೆ ಬಗ್ ಮಾಯ, ಅದಕ್ಕೇ ಟೆಸ್ಟಿಂಗ್‌ನಲ್ಲಿ ಸಿಗಲ್ಲ. ಪುಟ ಬಿಡುವಾಗ ಆ ಲಿಂಕನ್ನ ಡಿಸೇಬಲ್ ಮಾಡಿ. ಜೊತೆಗೆ ಬೇಸ್ ಫೈಲಿನ ಮೊದಲ ಸಾಲಿನಲ್ಲೇ ಸಿಎಸ್‌ಎಸ್ ಲೇಯರ್‌ಗಳ, ಅಂದರೆ ಯಾವ ಗುಂಪಿನ ಶೈಲಿ ಯಾವುದನ್ನ ಗೆಲ್ಲಬೇಕು ಅನ್ನೋ ಪದರಗಳ ಕ್ರಮ ಘೋಷಿಸಿ ಪ್ರತಿ ಫೈಲನ್ನೂ ಅದರದರ ಲೇಯರ್‌ನಲ್ಲಿಡಿ. ಆಮೇಲೆ ಯಾವ ಫೈಲ್ ಯಾವಾಗ ಬಂದರೂ ಲೇಯರ್‌ಗಳ ನಡುವಿನ ಗೆಲುವು ಸೋಲು ಬದಲಾಗಲ್ಲ. 2022ರಿಂದ ದೊಡ್ಡ ಬ್ರೌಸರ್‌ಗಳಲ್ಲೆಲ್ಲ ಲೇಯರ್ ಇದೆ.

ಒಂದು ಥೀಮ್ ಫೈಲ್ ತೆಗೆದು ಇನ್ನೊಂದು ಹಾಕುವಾಗ ಹಳೇದನ್ನ ಮೊದಲು ಅಳಿಸಬೇಡಿ. ಹೊಸ ಲಿಂಕ್ ಸೇರಿಸಿ, ಅದರ ಲೋಡ್ ಈವೆಂಟ್ ಬಂದಮೇಲೆ ಹಳೇದನ್ನ ತೆಗೀರಿ. ಎರರ್ ಈವೆಂಟ್ ಬಂದರೆ ಹೊಸದನ್ನ ತೆಗೆದು ಹಳೇದನ್ನೇ ಉಳಿಸಿ.

ಪರದೆಯಲ್ಲಿ: ನೆಟ್‌ವರ್ಕ್ ಟ್ಯಾಬ್‌ನಲ್ಲಿ ವೇಗ ಸ್ಲೋ 4ಜಿ. ಸಿಎಸ್‌ಎಸ್ ಫೈಲುಗಳು ಒಂದೊಂದಾಗಿ ಇಳಿಯುತ್ತವೆ.

ಇದನ್ನೆಲ್ಲ ಆಫೀಸಿನ ವೈಫೈನಲ್ಲಿ ಪರೀಕ್ಷಿಸಿದರೆ ಏನೂ ಕಾಣಲ್ಲ. ವೇಗವನ್ನ ಸ್ಲೋ 4ಜಿಗೆ ಇಳಿಸಿ ಪುಟ ತೆರೀರಿ, ಮೊದಲ ಬಣ್ಣ ಯಾವುದು ಬಂತು ನೋಡಿ. ಡಿವೈಸ್ ಮೋಡ್‌ನಲ್ಲಿ ಫೋನನ್ನ ಅಡ್ಡ ತಿರುಗಿಸಿ. ಇಂಗ್ಲಿಷ್ ಪುಟ ತೆರೆದು ಫಿಲ್ಟರನ್ನ ಫಾಂಟ್‌ಗೆ ಬದಲಿಸಿ, ಕನ್ನಡ ಫಾಂಟ್ ಅಲ್ಲಿ ಕಾಣಿಸಿದರೆ ಯಾವ ಅಕ್ಷರ ಕರೆಸಿಕೊಂಡಿತು ಹುಡುಕಿ. ಕೊನೆಗೆ ವೇಗವನ್ನ ಆಫ್‌ಲೈನ್ ಮಾಡಿ, ರಿಲೋಡ್ ಮಾಡದೆ ಪ್ರಿಂಟ್ ಒತ್ತಿ. ನಾಲ್ಕನೇ ಲಿಂಕ್ ಟ್ಯಾಗ್‌ನ ಆ ಪ್ರಿಂಟ್ ಫೈಲ್ ಪ್ರಿವ್ಯೂನಲ್ಲಿ ಆಗಲೇ ಕೆಲಸ ಮಾಡ್ತಿರುತ್ತೆ.