82 ಪಂದ್ಯ ಆಡುವುದು ಏಳನೇ ಪಂದ್ಯಕ್ಕಾಗಿ: ಎನ್‌ಬಿಎ ವೇಳಾಪಟ್ಟಿಯ ಕಥೆ

[ದೃಶ್ಯ: ಬೆಳಗಿನ ಜಾವ. ಜಗುಲಿ, ಲ್ಯಾಪ್‌ಟಾಪ್. ಹೊರಗೆ ಜೋರು ಮಳೆ.]

ನಮಸ್ಕಾರ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ ಜಗುಲಿಯಿಂದಲೇ ಇವತ್ತಿನ ವಿಡಿಯೋ. ಹಿಂದೆ ಕೇಳುತ್ತಿರುವುದು ಮಳೆ, ಮೈಕ್ ಕೆಟ್ಟಿಲ್ಲ.

2025ರ ಜೂನ್ 23, ಸೋಮವಾರ, ಬೆಳಗ್ಗೆ ಐದೂವರೆ. ಇದೇ ಜಾಗದಲ್ಲಿ ಎನ್‌ಬಿಎ, ಅಂದರೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್‌ನ ಫೈನಲ್ ನೋಡುತ್ತಾ ಕೂತಿದ್ದೆ. ಅಪ್ಪ ಕಾಫಿ ಲೋಟ ಹಿಡಿದು ಬಂದರು. ಸ್ಕ್ರೀನ್ ಕಡೆ ಒಮ್ಮೆ ನೋಡಿದರು. "ಅಲ್ಲ ಮಾರಾಯ, ಅಡಿಕೆ ಕೊಯ್ಲಿಗೆ ಮುಂಚೆ ಶುರುವಾಗಿದ್ದು ಇದು. ಈಗ ಕೊಳೆಗೆ ಔಷಧಿ ಹೊಡೆಯೋ ಕಾಲ ಬಂತು. ಇನ್ನೂ ಮುಗೀಲಿಲ್ವಾ?"

ಕೇಳಬೇಕಾದ ಪ್ರಶ್ನೆಯೇ. ಅಕ್ಟೋಬರ್‌ನಲ್ಲಿ ಶುರುವಾದದ್ದು ಜೂನ್‌ವರೆಗೆ ಎಳೆಯುತ್ತದೆ. ಆವತ್ತು ನಾನು ಉತ್ತರ ಕೊಡಲಿಲ್ಲ, ಪಂದ್ಯ ನಡೆಯುತ್ತಿತ್ತಲ್ಲ. ಈಗ ಕೊಡುತ್ತೇನೆ.

[ಪರದೆ ಮೇಲೆ: 30 ತಂಡ, 82 ಪಂದ್ಯ]

ಎನ್‌ಬಿಎಯಲ್ಲಿ 30 ತಂಡ. ಪ್ರತಿ ತಂಡಕ್ಕೂ 82 ಪಂದ್ಯ. ಅದರಲ್ಲಿ 41 ತವರಲ್ಲಿ, 41 ಹೊರಗೆ. ಎಲ್ಲಾ ಕೂಡಿದರೆ 1,230. 2025ರ ಐಪಿಎಲ್‌ನಲ್ಲಿ ಒಂದು ತಂಡ ಲೀಗ್ ಹಂತದಲ್ಲಿ ಆಡಿದ್ದು 14. ಅದಕ್ಕೇ ನಮಗೆ ಸಾಕಪ್ಪಾ ಅನ್ನಿಸಿರುತ್ತದೆ!

82 ಅನ್ನುವುದು ಸುಮ್ನೆ ಇಟ್ಟ ಸಂಖ್ಯೆ ಅಲ್ಲ. ತಂಡಗಳನ್ನು ಪೂರ್ವ, ಪಶ್ಚಿಮ ಅಂತ ಹದಿನೈದು ಹದಿನೈದಾಗಿ ಎರಡು ಪಾಲು ಮಾಡಿದ್ದಾರೆ. ಒಂದೊಂದು ಪಾಲಿನಲ್ಲೂ ಐದೈದು ತಂಡಗಳ ಮೂರು ಡಿವಿಷನ್. ಆಚೆ ಪಾಲಿನ 15 ತಂಡಗಳ ಜೊತೆ ಎರಡೆರಡು ಪಂದ್ಯ, ಅಲ್ಲಿಗೆ 30. ತನ್ನದೇ ಡಿವಿಷನ್ನಿನ ನಾಲ್ವರ ಜೊತೆ ನಾಲ್ಕು ನಾಲ್ಕು, 16. ತನ್ನ ಪಾಲಿನಲ್ಲಿ ಉಳಿದ ಹತ್ತು ತಂಡಗಳಲ್ಲಿ ಆರರ ಜೊತೆ ನಾಲ್ಕು ಸಲ, ಅದು 24. ಕೊನೆಗೆ ಉಳಿದ ನಾಲ್ಕರ ಜೊತೆ ಮೂರೇ ಸಲ, 12. ಕೂಡಿಸಿ ನೋಡಿ, 82. ಮೂರೇ ಸಲ ಎದುರಾಗುವ ಆ ನಾಲ್ಕು ಯಾರು ಅನ್ನುವುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. 1967–68ರಿಂದ ಪಂದ್ಯಗಳ ಸಂಖ್ಯೆ ಇಷ್ಟೇ ಇದೆ. ಮಾಲೀಕರು–ಆಟಗಾರರ ಜಗಳ, ಕೊರೊನಾ ಬಂದ ವರ್ಷಗಳನ್ನು ಬಿಟ್ಟು.

ಯಾರ ಜೊತೆ ಎಷ್ಟು ಅನ್ನುವ ಲೆಕ್ಕ ಸುಲಭದ್ದು. ಯಾವ ದಿನ ಅನ್ನುವುದೇ ತಲೆನೋವು.

[ದೃಶ್ಯ: ಮದುವೆ ಛತ್ರದ ಮುಂದೆ ಚಪ್ಪರ]

ನಮ್ಮ ಕಡೆ ಮದುವೆ ದಿನ ಇಡುವಾಗ ಮೊದಲು ಏನು ನೋಡುತ್ತಾರೆ? ಮುಹೂರ್ತ ಅಂತ ಬಾಯಲ್ಲಿ ಹೇಳುತ್ತೇವೆ. ನಿಜವಾಗಿ ನೋಡುವುದು ಛತ್ರ ಖಾಲಿ ಇದೆಯಾ ಅಂತ. ಅಲ್ಲೂ ಹಾಗೇ. ಬಾಸ್ಟನ್ ತಂಡ ಆಡುವ ಅಂಗಳದಲ್ಲೇ ಆ ಊರಿನ ಐಸ್ ಹಾಕಿ ತಂಡವೂ ಆಡುತ್ತದೆ. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನದ್ದೂ ಇದೇ ಕಥೆ. ಜೊತೆಗೆ ಸಂಗೀತ ಕಛೇರಿ, ಸರ್ಕಸ್ಸು. ಹಾಗಾಗಿ ಯಾವ ದಿನ ತಮ್ಮ ಅಂಗಳ ಸಿಗುತ್ತದೆ ಅಂತ ತಂಡಗಳು ಮೊದಲೇ ಲೀಗ್‌ಗೆ ತಿಳಿಸಬೇಕು.

ನನಗೆ ಜಾಸ್ತಿ ಇಷ್ಟವಾದದ್ದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೋ ಸ್ಪರ್ಸ್ ತಂಡದ ಪಾಡು. ಪ್ರತಿ ಫೆಬ್ರವರಿ ಅವರ ಊರಲ್ಲಿ ರೋಡಿಯೋ ನಡೆಯುತ್ತದೆ. ದನ, ಕುದುರೆ, ಗೂಳಿ ಸವಾರಿ, ಒಟ್ಟಿನಲ್ಲಿ ದೊಡ್ಡ ಜಾತ್ರೆ. ಆ ಜಾತ್ರೆಗೆ ಬೇಕಾಗಿದ್ದು ಇವರ ಅಂಗಳ! ಐದು ಸಲ ಚಾಂಪಿಯನ್ ಆದ ತಂಡ ಗಂಟುಮೂಟೆ ಕಟ್ಟಿಕೊಂಡು ಊರೂರು ಅಲೆಯಲು ಹೊರಡುತ್ತದೆ. ಅದಕ್ಕೆ 'ರೋಡಿಯೋ ರೋಡ್ ಟ್ರಿಪ್' ಅಂತ ಹೆಸರೇ ಬಿದ್ದಿದೆ. ಜಾತ್ರೆ ದನಗಳ ಮುಂದೆ ಯಾವ ಸ್ಟಾರ್ ಆಟಗಾರನ ಮಾತೂ ನಡೆಯುವುದಿಲ್ಲ ನೋಡಿ.

ಇನ್ನು ತಿರುಗಾಟ. ಯಕ್ಷಗಾನ ಮೇಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಕೊಪ್ಪದಲ್ಲಿ ಆಟ ಮುಗಿಸಿ, ಪೆಟ್ಟಿಗೆಗಳನ್ನು ಲಾರಿಗೆ ಹೇರಿ, ಮರುದಿನ ಸಂಜೆ ಹೊಸನಗರದಲ್ಲಿ ಚೌಕಿ ಕಟ್ಟಬೇಕು. ಎನ್‌ಬಿಎಯಲ್ಲಿ ಸತತ ಎರಡು ದಿನ ಆಡುವುದಕ್ಕೆ 'ಬ್ಯಾಕ್ ಟು ಬ್ಯಾಕ್' ಅನ್ನುತ್ತಾರೆ. ಲಾರಿ ಬದಲು ವಿಮಾನ, ಅಷ್ಟೇ ವ್ಯತ್ಯಾಸ. ಬಾಸ್ಟನ್‌ನಿಂದ ಲಾಸ್ ಏಂಜಲೀಸ್‌ಗೆ ನಾಲ್ಕು ಸಾವಿರ ಕಿಲೋಮೀಟರ್‌ಗೂ ಜಾಸ್ತಿ ದೂರ, ಗಡಿಯಾರದಲ್ಲೂ ಮೂರು ಗಂಟೆ ಫರಕು. ಹಿಂದೆ ಐದು ರಾತ್ರಿಗಳಲ್ಲಿ ನಾಲ್ಕು ಪಂದ್ಯ ಆಡಿಸುತ್ತಿದ್ದರು. ಆಟಗಾರರು ಸುಸ್ತಾಗಿ ಕೂರುತ್ತಿದ್ದರು, ದುಡ್ಡು ಕೊಟ್ಟು ಬಂದವರು ಬೈಯುತ್ತಿದ್ದರು. 2017–18ರಲ್ಲಿ ಸೀಸನ್ನನ್ನು ಕೆಲವು ದಿನ ಮುಂಚೆಯೇ ಶುರು ಮಾಡಿ ಆ ಪದ್ಧತಿಯನ್ನು ನಿಲ್ಲಿಸಿದರು.

ಲೀಗ್‌ನ ಮೊದಲ ದಶಕಗಳಲ್ಲಿ ಎಡ್ಡಿ ಗಾಟ್ಲೀಬ್ ಅನ್ನುವವರು ಇದನ್ನೆಲ್ಲಾ ಕೈಯಲ್ಲೇ ಬರೆಯುತ್ತಿದ್ದರು. ಈಗ ಕಂಪ್ಯೂಟರ್ ಇದೆ. ಆಗಸ್ಟ್‌ನಲ್ಲಿ ಪಟ್ಟಿ ಹೊರಬೀಳುತ್ತದೆ, ಆದರೆ ಒಂದೊಂದು ತಂಡಕ್ಕೆ 80 ಪಂದ್ಯ ಮಾತ್ರ ಇರುತ್ತದೆ. 2023ರಲ್ಲಿ ಸೀಸನ್ ನಡುವೆಯೇ ಒಂದು ಕಪ್ ಶುರು ಮಾಡಿದರು. ಅದರಲ್ಲಿ ಯಾರು ಮುಂದೆ ಹೋಗುತ್ತಾರೆ ಅಂತ ಗೊತ್ತಾದ ಮೇಲೆ ಉಳಿದೆರಡು ಸೇರುತ್ತವೆ.

[ಪರದೆ ಮೇಲೆ: ಏಪ್ರಿಲ್]

ಏಪ್ರಿಲ್ ಮಧ್ಯಕ್ಕೆ 82 ಮುಗಿಯುತ್ತದೆ. ಎರಡೂ ಪಾಲಿನಲ್ಲಿ ಮೊದಲ ಆರು ಸ್ಥಾನದವರು ನೇರ ಪ್ಲೇಆಫ್‌ಗೆ. ಏಳರಿಂದ ಹತ್ತನೇ ಸ್ಥಾನದವರಿಗೆ 'ಪ್ಲೇ ಇನ್'. ಐಪಿಎಲ್‌ನ ಕ್ವಾಲಿಫೈಯರ್, ಎಲಿಮಿನೇಟರ್ ಗೊತ್ತಿದ್ದರೆ ಇದು ನೀರು ಕುಡಿದಷ್ಟು ಸುಲಭ. ಏಳು–ಎಂಟರ ಪಂದ್ಯದಲ್ಲಿ ಗೆದ್ದವರು ಏಳನೆಯವರಾಗಿ ಒಳಗೆ. ಸೋತವರಿಗೆ ಇನ್ನೊಂದು ಅವಕಾಶ. ಒಂಬತ್ತು–ಹತ್ತರಲ್ಲಿ ಸೋತವರು ಮನೆಗೆ, ಗೆದ್ದವರು ಆ ಸೋತ ತಂಡದ ಜೊತೆ ಆಡಿ ಎಂಟನೇ ಜಾಗ ಹಿಡಿಯಬೇಕು.

ಹೀಗೆ ಉಳಿದ 16 ತಂಡಗಳಿಗೆ ನಾಲ್ಕು ಸುತ್ತು. ನಮ್ಮೂರ ಹೊನಲು ಬೆಳಕಿನ ವಾಲಿಬಾಲ್‌ನಲ್ಲಿ ಒಂದು ಸೋತರೆ ನೆಟ್ ಬಿಚ್ಚುವ ಮೊದಲೇ ಜೀಪು ಹತ್ತಬೇಕು. ಇಲ್ಲಿ ಹಾಗಲ್ಲ. ಒಂದೇ ಎದುರಾಳಿ ಜೊತೆ ಏಳು ಪಂದ್ಯ, ಮೊದಲು ನಾಲ್ಕು ಗೆದ್ದವರು ಮುಂದೆ. ಅದೃಷ್ಟ ಒಂದು ರಾತ್ರಿ ಕೈ ಹಿಡಿಯಬಹುದು, ನಾಲ್ಕು ರಾತ್ರಿ ಕಷ್ಟ.

82 ಪಂದ್ಯದ ಬೆಲೆ ಗೊತ್ತಾಗುವುದು ಇಲ್ಲೇ. ಸೀಸನ್‌ನಲ್ಲಿ ಮುಂದಿದ್ದ ತಂಡದ ತವರಲ್ಲಿ ಮೊದಲ ಎರಡು ಪಂದ್ಯ. ಮುಂದಿನೆರಡು ಎದುರಾಳಿಯ ಊರಲ್ಲಿ. ಆಮೇಲೆ ಇಲ್ಲೊಂದು, ಅಲ್ಲೊಂದು, ಏಳನೆಯದು ಮತ್ತೆ ಇಲ್ಲಿ. 1985ರಿಂದ 2013ರವರೆಗೆ ಫೈನಲ್‌ನಲ್ಲಿ ಮಾತ್ರ ಓಡಾಟ ತಗ್ಗಿಸಲು ಎರಡು, ಮೂರು, ಎರಡು ಅಂತ ಆಡಿಸುತ್ತಿದ್ದರು. ಐದನೇ ಪಂದ್ಯ ಹಿಂದಿದ್ದವರ ಊರಿಗೆ ಹೋಗುತ್ತಿತ್ತು. ನನ್ನ ಪ್ರಕಾರ ಅದು ಅನ್ಯಾಯ. 2014ರಲ್ಲಿ ಸರಿ ಮಾಡಿದರು.

[ದೃಶ್ಯ: ಮತ್ತೆ ಜಗುಲಿ]

ಈಗ ಆ ಸೋಮವಾರಕ್ಕೆ ಬರೋಣ. ಒಕ್ಲಹೋಮಾ ಸಿಟಿ ಥಂಡರ್ ಮತ್ತು ಇಂಡಿಯಾನಾ ಪೇಸರ್ಸ್, ಮೂರು–ಮೂರು ಸಮ. ಥಂಡರ್ 82ರಲ್ಲಿ 68 ಗೆದ್ದಿತ್ತು, ಪೇಸರ್ಸ್ 50. ಹಾಗಾಗಿ ಏಳನೇ ಪಂದ್ಯ ಥಂಡರ್ ಅಂಗಳದಲ್ಲಿ. ನವೆಂಬರ್‌ನಲ್ಲಿ ಯಾರೂ ಸರಿಯಾಗಿ ನೋಡದ ಯಾವುದೋ ಮಂಗಳವಾರದ ಗೆಲುವೂ ಅವತ್ತು ಆ ಗ್ಯಾಲರಿಯ ಕೂಗಾಗಿ ವಾಪಸ್ ಬಂದಿತ್ತು. 103–91. ಥಂಡರ್ ಚಾಂಪಿಯನ್.

ಇಷ್ಟನ್ನೂ ಮೊನ್ನೆ ಅಪ್ಪನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಸರಿ. ಮತ್ತೆ ಯಾವಾಗ ಶುರು?"

"ಅಕ್ಟೋಬರ್."

"ಹಾಗಾದ್ರೆ ಈ ಸಲವೂ ಕೊಯ್ಲಿಗೆ ನೀನು ಸಿಗಲ್ಲ ಅನ್ನು."

ಲೋಟ ತಗೊಂಡು ಒಳಗೆ ಹೋದರು.