72 ಸೀಸನ್ಸ್ ಮ್ಯಾಲಿನ ಜಗಳ: ಮೆಟಾಲಿಕಾ ಉದ್ದ ಮಾಡಿದ್ರೋ, ನಾವು ಕೇಳೋ ರೀತಿ ತಪ್ಪೋ?

[ಪರದೆ: ಆಲ್ಬಮ್ಮಿನ ಹಳದಿ ಮುಖಪುಟ, ಸುಟ್ಟ ತೊಟ್ಟಿಲು. ಹಿನ್ನೆಲೆ ಸಂಗೀತ ಬೇಡ.]

ನಮಸ್ಕಾರ್ರೀ. ಬೆಳಗಾವಿಯೊಳಗ ಅಮೆರಿಕಾದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾ ಕೇಳೋರು ನಾಲ್ಕು ಮಂದಿ ಕೂಡಿದ್ರ ಅವರ "72 ಸೀಸನ್ಸ್" ಆಲ್ಬಮ್ಮಿನ ಮಾತು ಬರತೈತಿ, ಹಿಂದಽ ಜಗಳಾನೂ ಬರತೈತಿ. 2011ರ ಅಕ್ಟೋಬರ್ 30ಕ್ಕ ಬೆಂಗಳೂರಿನ ಅರಮನಿ ಮೈದಾನದಾಗ ಅವರನ್ನ ನೋಡಿದ ಮಂದಿ "1986ರ ಮಾಸ್ಟರ್ ಆಫ್ ಪಪೆಟ್ಸ್ ಆಲ್ಬಮ್ಮಿನ ಮುಂದ ಇದೇನ್ರಿ, ಬರೇ ಉದ್ದ" ಅಂತಾರ. 2022ರಾಗ ಸ್ಟ್ರೇಂಜರ್ ಥಿಂಗ್ಸ್ ಧಾರಾವಾಹಿಯೊಳಗ ಅವರ ಹಾಡು ಕೇಳಿ ಈ ಬ್ಯಾಂಡಿಗೆ ಬಂದ ಕಾಲೇಜ್ ಹುಡುಗರು "ಅಣ್ಣಾ, ನೀವು ಪೂರ್ತಿ ಕೇಳೇ ಇಲ್ಲ" ಅಂತಾರ. ಇಬ್ಬರ ಮಾತಿನಾಗೂ ಹುರುಳೈತಿ. ಆದ್ರ ಒಬ್ಬ ಬಸ್ಸಿನಾಗ ಕೇಳ್ಯಾನ, ಇನ್ನೊಬ್ಬ ಮನ್ಯಾಗ ಕೇಳ್ಯಾನ, ಮತ್ತೊಬ್ಬ ಯಾರೋ ಹಾಕಿದ ಕದ್ದ ವಿಡಿಯೋದಾಗ ಕೇಳ್ಯಾನ. ಮೊದಲ ಕೇಳೋದನ್ನ ಸರಿ ಮಾಡ್ಕೊಳ್ಳೋಣು, ಆಮ್ಯಾಲೆ ಗಟ್ಟಿಯಾಗಿ ಜಗಳ ಮಾಡೋಣು.

[ಪರದೆ ಮೇಲೆ: 14 ಏಪ್ರಿಲ್ 2023 / 12 ಹಾಡು / 77 ನಿಮಿಷ 10 ಸೆಕೆಂಡು]

ಇದು ಅವರ 11ನೇ ಸ್ಟುಡಿಯೋ ಆಲ್ಬಮ್. ನಿರ್ಮಾಪಕ ಗ್ರೆಗ್ ಫಿಡೆಲ್ಮನ್, ಜೊತಿಗೆ ಬ್ಯಾಂಡಿನ ಹಾಡುಗಾರ, ಗಿಟಾರಿಸ್ಟ್ ಜೇಮ್ಸ್ ಹೆಟ್‌ಫೀಲ್ಡ್ ಮತ್ತ ಡ್ರಮ್ ಬಾರಿಸೋ ಲಾರ್ಸ್ ಉಲ್ರಿಕ್. ವರ್ಷಕ್ಕ ನಾಲ್ಕು ಋತು ಹಿಡಿದ್ರ 72 ಋತು ಅಂದ್ರ 18 ವರ್ಷ. ಮನುಷ್ಯ ರೂಪ ತಗೊಳ್ಳೋ ಆ ಮೊದಲ 18 ವರ್ಷಾನ ವಿಷಯ. ಬಿಡುಗಡಿ ಹೊತ್ತಿಗೆ ಹೆಟ್‌ಫೀಲ್ಡ್ ವಯಸ್ಸು 59.

[ಪರದೆ: ಫೋನಿನ ಸೆಟ್ಟಿಂಗ್ಸ್, ಬೆರಳು ತೋರಿಸುವ ಶಾಟ್]

ಮೊದಲನೇ ಕೆಲಸ, ಧ್ವನಿ ಸಮ ಮಾಡೋದು. ಎರಡು ಹಾಡಿನ ನಡುವ ಒಂದೆರಡು ಡೆಸಿಬೆಲ್ ಫರಕಿದ್ರೂ ಸಾಕು, ಜೋರಿದ್ದದ್ದು ಕಿವಿಗೆ "ಜೋರು" ಅನಸಂಗಿಲ್ಲ, "ಚಲೋ" ಅನಸತೈತಿ. 1980ರ ದಶಕದ ಸಿಡಿಗಳು ಮೆತ್ತಗ ಅದಾವ, ಈಗಿನವು ಜೋರು ಅದಾವ. ಹಂಗ ನೇರ ಹೋಲಿಸಿದ್ರ ಮೊದಲ ಹತ್ತು ನಿಮಿಷ ಹೊಸದು ಗೆಲ್ಲತೈತಿ, ಅರ್ಧ ತಾಸಿನ ಮ್ಯಾಲೆ ಅದಽ ಜೋರು ಕಿವಿ ದಣಸತೈತಿ. ಸ್ಪಾಟಿಫೈ ಇದ್ರ ವಾಲ್ಯೂಮ್ ನಾರ್ಮಲೈಸ್ ಅನ್ನೋದನ್ನ ಚಾಲೂ ಮಾಡಿ "ನಾರ್ಮಲ್" ಮ್ಯಾಲೆ ಇಡ್ರಿ. ಆವಾಗ ಹೆಚ್ಚಿನ ಹಾಡು ಮೈನಸ್ 14 ಲಫ್ಸ್ (ಕಿವಿಗೆ ಅನಸೋ ಜೋರಿನ ಅಳತಿ) ಮಟ್ಟದ ಸುತ್ತ ಬರತಾವ. "ಲೌಡ್" ಮಾತ್ರ ಬ್ಯಾಡ್ರಿ, ಮೆತ್ತನ ಹಾಡಿಗೆ ಆಪ್ ತಾನಽ ಲಿಮಿಟರ್ ಹಚ್ಚಿ ಅದರ ಜೋರಿನ ತುದಿ ಒತ್ತತೈತಿ. ಈಕ್ವಲೈಜರ್, ಬೇಸ್ ಬೂಸ್ಟ್, ಡಾಲ್ಬಿ ಎಲ್ಲಾ ಬಂದ್.

ಬ್ಲೂಟೂತ್ ಇಯರ್‌ಫೋನಿನಾಗ ಒಂದು ತ್ರಾಸ ಭಾಳ ಮಂದಿಗೆ ಗೊತ್ತಾಗಂಗಿಲ್ಲ. ಲ್ಯಾಪ್‌ಟಾಪಿನಾಗ ಮೀಟಿಂಗ್ ಆಪ್ ತೆರೆದಿದ್ರ ಮೈಕ್ ಚಾಲೂ ಆಗಿ ಇಯರ್‌ಫೋನ್ ಕಾಲ್ ಮೋಡಿಗೆ ಹೋಗಿರತೈತಿ. ಧ್ವನಿ ಮೋನೊ ಆಗಿ ತೆಳ್ಳಗಾಗತೈತಿ. ಮೈಕ್ ಬಿಡಿಸಿ ಕೇಳ್ರಿ.

[ಪರದೆ: ಬೆಳಗಾವಿ ಬಸ್ ನಿಲ್ದಾಣ, ಧಾರವಾಡ ಫಲಕದ ಬಸ್ಸು]

ಬೆಳಗಾವಿಯಿಂದ ಧಾರವಾಡಕ್ಕ ಬಸ್ಸಿನಾಗ ಹೋಗ್ತಾ ಪೂರ್ತಿ ಆಲ್ಬಮ್ ಮುಗಸಾಕ ಬರತೈತಿ, ಖರೇ. ಆದ್ರ ಅಲ್ಲಿ ಕೇಳಿ ತೀರ್ಪು ಕೊಡಬ್ಯಾಡ್ರಿ. ಇಂಜಿನ್ನಿನ ಗದ್ದಲ ಹೆಚ್ಚಾಗಿ ಇರೋದು 200 ಹರ್ಟ್ಜಿನ ಕೆಳಗ, ಬೇಸ್ ಗಿಟಾರಿನ ಮೂಲ ಸ್ವರಗಳೂ ಅಲ್ಲೇ. ಒಂದು ಇನ್ನೊಂದನ್ನ ಮುಚ್ಚಿಬಿಡತೈತಿ. ಈ ಆಲ್ಬಮ್ಮಿಗೆ ಅದು ದೊಡ್ಡ ಪೆಟ್ಟು. "ಸ್ಲೀಪ್‌ವಾಕ್ ಮೈ ಲೈಫ್ ಅವೇ" ಶುರು ಆಗೋದು ರಾಬರ್ಟ್ ಟ್ರುಹಿಯೋ ಅವರ ಬೇಸಿನಿಂದ. "ಇನಮೊರಾಟಾ" ನಡುವ ಗಿಟಾರುಗಳು ಹಿಂದ ಸರಿದು ಬೇಸೊಂದಽ ಹಾಡು ಹೊತ್ಕೊಂಡು ನಡೀತೈತಿ. ಬಸ್ಸಿನಾಗ ಕೇಳಿದವ "ಅಲ್ಲಿ ಏನೂ ಆಗಂಗಿಲ್ಲ" ಅಂದ್ರ ಅವನ ತಪ್ಪಲ್ಲ, ಅವನ ಕಿವಿಗೆ ಅದು ಬಂದಽ ಇಲ್ಲ.

ಯಾರೋ ಅಪ್‌ಲೋಡ್ ಮಾಡಿದ ವಿಡಿಯೋ ಇದ್ರ ಉದ್ದ ನೋಡ್ರಿ. ಕಾಪಿರೈಟ್ ತಪ್ಪಸಾಕ ಎಷ್ಟೋ ಮಂದಿ ವೇಗ ಏರಿಸಿರತಾರ. "ಲಕ್ಸ್ ಈಟರ್ನಾ" 3 ನಿಮಿಷ 22 ಸೆಕೆಂಡು ಇರಬೇಕು. ಹತ್ತು ಸೆಕೆಂಡು ಕಡಿಮಿ ಇದ್ರ ಹಾಡು ಓಡಾಕತ್ತೈತಿ, ಸ್ವರಾನೂ ಏರಿರಬಹುದು. ಲೈವ್ ವಿಡಿಯೋ ಹಚ್ಚಿ ಸ್ಟುಡಿಯೋ ಹಾಡು ಬೈಯೋದೂ ಸರಿ ಅಲ್ಲ. 1990ರ ದಶಕದ ನಡುವಿಂದ ಅವರು ವೇದಿಕಿ ಮ್ಯಾಲೆ ಗಿಟಾರನ್ನ ಅರ್ಧ ಸ್ವರ ಇಳಿಸಿ ನುಡಸ್ತಾರ. ಅದಕ್ಕಽ ಲೈವ್ ಕೇಳಿದಾಗ ದಪ್ಪ, ಭಾರ ಅನಸತೈತಿ.

[ಪರದೆ: ಎರಡು ತರಂಗ ಚಿತ್ರ, ಒಂದು ಏರಿಳಿತದ್ದು, ಒಂದು ಮೇಲೆ ಕೆಳಗೆ ಕತ್ತರಿಸಿದಂತೆ ಸಪಾಟು]

ಈ ಬ್ಯಾಂಡಿನ ಅಭಿಮಾನಿಗಳ ದೊಡ್ಡ ಜಗಳ ಎಲ್ಲಾ ಹೆಚ್ಚೂಕಡಿಮಿ ಧ್ವನಿ ಮ್ಯಾಲೇ ಹತ್ಯಾವ. 1988ರ "ಆ್ಯಂಡ್ ಜಸ್ಟಿಸ್ ಫಾರ್ ಆಲ್" ಒಳಗ ಆಗಿನ ಬೇಸ್ ಗಿಟಾರಿಸ್ಟ್ ಜೇಸನ್ ನ್ಯೂಸ್ಟೆಡ್ ಅವರ ಬೇಸ್ ಕೇಳಸಂಗೇ ಇಲ್ಲ. 2003ರ "ಸೇಂಟ್ ಆ್ಯಂಗರ್" ಒಳಗ ಸ್ನೇರ್ ಡ್ರಮ್ಮಿನ ತಂತಿ ಸಡಿಲ ಬಿಟ್ಟು ಬಾರಿಸಿದ್ರು, ಗಿಟಾರ್ ಸೋಲೊ (ಗಿಟಾರ್ ಒಂದಽ ಮುಂದ ಬಂದು ನುಡಿಯೋ ಭಾಗ) ಒಂದೂ ಇಲ್ಲ. ಎಲ್ಲಾಕ್ಕಿಂತ ಕಲಿಸಿಕೊಟ್ಟದ್ದು 2008ರ "ಡೆತ್ ಮ್ಯಾಗ್ನೆಟಿಕ್". ಮೆತ್ತಗಿನ, ಜೋರಿನ ನಡುವಿನ ಫರಕು ಉಳೀದಂಗ ಅದನ್ನ ಎಷ್ಟು ಒತ್ತಿದ್ರಂದ್ರ, ಆ ಫರಕು ಅಳೆಯೋ ಡೈನಾಮಿಕ್ ರೇಂಜ್ ಮೀಟರಿನಾಗ ಸಿಡಿಗೆ ಸಿಕ್ಕದ್ದು ಬರೇ 3. ಅದಽ ಹಾಡುಗಳು ಗಿಟಾರ್ ಹೀರೋ ಗೇಮಿನಾಗ ಅಷ್ಟು ಒತ್ತದೇ ಬಂದಿದ್ವು. ಅಭಿಮಾನಿಗಳು ಎರಡೂ ಪಕ್ಕಕ್ಕ ಇಟ್ಟು ಕೇಳಿ ಫರಕು ಹಿಡಿದ್ರು, ಸಾವಿರಾರು ಮಂದಿ ಆಲ್ಬಮ್ಮನ್ನ ಮತ್ತೊಮ್ಮೆ ಮಿಕ್ಸ್ ಮಾಡ್ರಿ ಅಂತ ಅರ್ಜಿಗೆ ಸಹಿ ಹಾಕಿದ್ರು. ಮಾಸ್ಟರಿಂಗ್ (ಮಿಕ್ಸ್ ಆದಮ್ಯಾಲೆ ಧ್ವನಿಯ ಕಡೀ ಹದ) ಮಾಡಿದ ಟೆಡ್ ಜೆನ್ಸನ್, ತಮ್ಮ ಕೈಗೆ ಬರೋ ಮೊದಲಽ ಮಿಕ್ಸ್ ಒತ್ತಿತ್ತು ಅಂತ ತಿಳಿಸಿದ್ರು. ಕೇಳುಗರ ಕಿವಿ ಸರಿ ಇತ್ತು ಅನ್ನೋದು ನಮಗ ಈಗಲೂ ಹೆಮ್ಮಿ ಅನಸತೈತಿ.

ಆ ಮೀಟರಿನ ಅಂಕಿ ಹಿಡ್ಕೊಂಡು ವಾದ ಮಾಡೋರಿಗೆ ಒಂದು ಮಾತು. ವಿನೈಲ್ ತಟ್ಟಿಯಿಂದ ತಗದ ಫೈಲಿಗೆ ಮೀಟರ್ ಹೆಚ್ಚಿನ ಅಂಕಿ ತೋರಸತೈತಿ, ಮಾಸ್ಟರ್ ಅದಽ ಇದ್ರೂ. ತಟ್ಟಿಗೆ ಕೊರೆದು, ಮುಳ್ಳಿನಿಂದ ಓದಿಸಿದಾಗ ಅಲೆಗಳ ತುದಿ ಜರುಗತಾವ, ಅಷ್ಟ. ಸಿಡಿಗೆ ಸಿಡಿ, ತಟ್ಟಿಗೆ ತಟ್ಟಿ ಹೋಲಿಸ್ರಿ.

"72 ಸೀಸನ್ಸ್" ಆ ಮಟ್ಟದ ತಪ್ಪು ಮಾಡಿಲ್ಲ. ಬೇಸ್ ಕೇಳಸತೈತಿ, ಸ್ನೇರ್ ಸ್ವಚ್ಛ ಐತಿ. ಇಲ್ಲಿ ಖರೇ ಪ್ರಶ್ನಿ ಉದ್ದದ್ದು.

[ಪರದೆ: ನಾಲ್ಕು ಚೌಕ, ಒಂದೊಂದರಲ್ಲಿ ಮೂರು ಹಾಡು, ಸಮಯ ಸಮೇತ]

ಉದ್ದ ಇದ್ದದ್ದಽ ತಪ್ಪು ಅಂತ ಬೆಳಗಾವಿ ಮಂದಿಗೆ ಯಾರೂ ಹೇಳೋ ಹಂಗಿಲ್ಲ. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಇದಽ ಜಿಲ್ಲೆಯಾಗೈತಿ. ವಿಲಂಬಿತ ಖಯಾಲ್ ಕೇಳೋರು ಗಡಿಯಾರ ನೋಡಂಗಿಲ್ಲ, ಮುಂದಿನ ಆವರ್ತನದಾಗ ಏನು ಹೊಸದು ಬಂತು ಅಂತ ನೋಡತಾರ. ರಿಫ್ಫಿಗೂ, ಅಂದ್ರ ಹಾಡಿನಾಗ ಮತ್ತ ಮತ್ತ ಬರೋ ಗಿಟಾರಿನ ತುಣುಕಿಗೂ, ಅದಽ ಲೆಕ್ಕ ಹಚ್ಚೋಣು.

77 ನಿಮಿಷ ಒಂದಽ ಉಸಿರಿಗೆ ಕೇಳಬ್ಯಾಡ್ರಿ. ಇದು ವಿನೈಲಿನಾಗ ಎರಡು ತಟ್ಟಿ, ಅಂದ್ರ ನಾಲ್ಕು ಬದಿ. ಸ್ಟ್ರೀಮಿಂಗಿನಾಗೂ ಮೂರು ಮೂರು ಹಾಡು ಕೇಳಿ, ಐದು ನಿಮಿಷ ಬಿಟ್ಟು ಮುಂದ ಹೋಗ್ರಿ. ಕೈಯಾಗ ಪೆನ್ನು ಹಿಡಿರಿ. ಹೊಸ ರಿಫ್ ಬಂದಾಗೆಲ್ಲಾ ನಿಮಿಷ, ಸೆಕೆಂಡು ಬರ್ಕೊಳ್ರಿ. ಹಳೇ ರಿಫ್ ವಾಪಸ್ ಬಂದ್ರ ಅದರ ಮುಂದ ಒಂದು ಗೆರಿ.

ಮೊದಲ ಮೂರು ಹಾಡು, 19 ನಿಮಿಷ 21 ಸೆಕೆಂಡು. ಶೀರ್ಷಿಕೆ ಹಾಡು 7:39 ಇದ್ರೂ ಓಡತೈತಿ. ಎರಡನೇ ಮೂರು, 17:21, ಆಲ್ಬಮ್ಮಿನ ಗಟ್ಟಿ ಭಾಗ. ಬೇಸಿನಿಂದ ಏಳೋ "ಸ್ಲೀಪ್‌ವಾಕ್", ಆಮ್ಯಾಲೆ ನಿಧಾನ, ಭಾರದ "ಯು ಮಸ್ಟ್ ಬರ್ನ್!", ಕಡೀಕ ಆಲ್ಬಮ್ಮಿನಾಗಽ ಎಲ್ಲಾಕ್ಕಿಂತ ಗಿಡ್ಡ ಹಾಡು "ಲಕ್ಸ್ ಈಟರ್ನಾ". ನಿಧಾನದ ಹಿಂದಽ ವೇಗ ಬಂದದ್ದಕ್ಕ ಎರಡಕ್ಕೂ ಬೆಲಿ ಬಂತು.

ಮೂರನೇ ಗುಂಪಿಗೆ ಹಳಬರ ದೂರು ಸರಿಯಾಗಿ ಹತ್ತತೈತಿ. "ಕ್ರೌನ್ ಆಫ್ ಬಾರ್ಬ್ಡ್ ವೈರ್", "ಚೇಸಿಂಗ್ ಲೈಟ್", "ಇಫ್ ಡಾರ್ಕ್‌ನೆಸ್ ಹ್ಯಾಡ್ ಎ ಸನ್", ಒಟ್ಟು 19:10, ಮೂರೂ ಹೆಚ್ಚಾಗಿ ಮಧ್ಯಮ ಲಯದ ಸುತ್ತಽ ತಿರಗತಾವ. ನಿಮ್ಮ ಹಾಳಿ ಮ್ಯಾಲೆ ಗೆರಿ ಹೆಚ್ಚಾಗೋದು ಇಲ್ಲೇ. ಇಡೀ ಆಲ್ಬಮ್ಮಿನಾಗ ಒಂದೂ ಬ್ಯಾಲಡ್ (ನಿಧಾನ, ಮೆತ್ತನ ಹಾಡು) ಇಲ್ಲ, ಕಿವಿಗೆ ನಡುವ ವಿಶ್ರಾಂತಿ ಇಲ್ಲ. "ಮಾಸ್ಟರ್ ಆಫ್ ಪಪೆಟ್ಸ್" ಎಂಟಽ ಹಾಡು, "ವೆಲ್‌ಕಮ್ ಹೋಮ್ (ಸ್ಯಾನಿಟೇರಿಯಂ)" ಅಲ್ಲಿ ಉಸಿರಾಡಾಕ ಜಾಗಾ ಕೊಡತೈತಿ. ನಮ್ಮ ಮಾತು ಕೇಳಿದ್ರ "ಕ್ರೌನ್" ಮತ್ತ "ಚೇಸಿಂಗ್ ಲೈಟ್" ತಗದು ನೋಡ್ರಿ. 12 ನಿಮಿಷ 34 ಸೆಕೆಂಡು ಇಳಿದು 64:36 ಉಳಿತೈತಿ, "ಲಕ್ಸ್ ಈಟರ್ನಾ" ವೇಗ ನೇರ "ಡಾರ್ಕ್‌ನೆಸ್" ನಡಿಗಿಗೆ ಬಂದು ಬಡಿತೈತಿ.

ಲೀಡ್ ಗಿಟಾರಿಸ್ಟ್ ಕಿರ್ಕ್ ಹ್ಯಾಮೆಟ್ ಸೋಲೊಗಳ ಮ್ಯಾಲಿನ ಸಿಟ್ಟೂ ಇಲ್ಲೇ ಹುಟ್ಟಿದ್ದು. ಹೆಚ್ಚಿನವನ್ನ ಅವರು ಆಶುವಾಗಿ, ಗಿಟಾರಿನ ದನಿ "ವಾ ವಾ" ಅನ್ನೋ ಹಂಗ ಮಾಡೋ ವಾ ಪೆಡಲ್ ತುಳಿದು ನುಡಿಸ್ಯಾರ. ರಿಫ್ ನಿಂತಲ್ಲೇ ನಿಂತಾಗ ಮ್ಯಾಲೆ ಆಶು ಸೋಲೊ ಬಂದ್ರ ಎರಡೂ ಸಡಿಲ ಅನಸತಾವ. ಆದ್ರ "ರೂಮ್ ಆಫ್ ಮಿರರ್ಸ್" ಕೇಳ್ರಿ, ಎರಡು ಗಿಟಾರ್ ಜೊತಿಯಾಗಿ ಏರತಾವ, ಅಲ್ಲಿ ಈ ಟೀಕೆ ನಿಲ್ಲಂಗಿಲ್ಲ.

[ಪರದೆ: ನಾಲ್ಕನೇ ಚೌಕ ದೊಡ್ಡದಾಗುತ್ತದೆ, 11:10]

ಕಡೀ ಮೂರು ಹಾಡು 21:18. ಅದರಾಗ ಅರ್ಧಕ್ಕಿಂತ ಹೆಚ್ಚು "ಇನಮೊರಾಟಾ", 11:10, ಮೆಟಾಲಿಕಾ ತಾವು ಬರದ ಹಾಡಿನಾಗ ಎಲ್ಲಾಕ್ಕಿಂತ ಉದ್ದದ್ದು. ಸೋಜಿಗ ಅಂದ್ರ ಉದ್ದದ ಜಗಳದಾಗ ಇದನ್ನ ಬೈಯೋರು ಕಡಿಮಿ. ನಿಧಾನ ರಿಫ್ ಶುರುವಾಗಿ, ನಡುವ ಖಾಲಿ ಆಗಿ, ಬೇಸ್ ಮತ್ತ ಮೆತ್ತನ ದನಿ ಅಷ್ಟಽ ಉಳಿದು, ಅಲ್ಲಿಂದ ಗಿಟಾರ್ ಒಂದೊಂದಾಗಿ ಕೂಡ್ಕೋತಾವ. ಅದಽ ರಿಫ್ ವಾಪಸ್ ಬಂದಾಗ ಮೊದಲಿನ ಭಾರ ಇರಂಗಿಲ್ಲ, ಬ್ಯಾರೇ ಭಾರ ಇರತೈತಿ. 77 ನಿಮಿಷ ದಣಿದ ಕಿವಿಗೆ ಇದು ಪೂರ್ತಿ ಮುಟ್ಟಂಗಿಲ್ಲ. ಅದಕ್ಕ ಈ ಮೂರನ್ನ ಬ್ಯಾರೇ ದಿನಾನಽ ಕೇಳ್ರಿ, ರಾತ್ರಿ, ವೈರ್ ಇದ್ದ ಹೆಡ್‌ಫೋನಿನಾಗ.

ನಾಲ್ಕೂ ಗುಂಪು ಕೇಳಿ ನಿಮ್ಮ ಹಾಳಿಯ ಲೆಕ್ಕ ಕೆಳಗ ಬರೀರಿ: ಯಾವ ಹಾಡು, ಯಾವ ನಿಮಿಷ, ಯಾವುದ್ರಾಗ ಕೇಳಿದ್ರಿ. ಇನ್ನೊಂದು ಹಾಡು ತಗೀಬೇಕು ಅನ್ನೋರು ಯಾವುದಂತ ಹೇಳ್ರಿ. "ಚೇಸಿಂಗ್ ಲೈಟ್" ಉಳಿಸಬೇಕು ಅನ್ನೋರು ಇದ್ರ ಯಾವ ನಿಮಿಷಕ್ಕಾಗಿ ಅಂತ ಬರೀರಿ, ನಾವು ಅಲ್ಲಿಗೆ ಹೋಗಿ ಮತ್ತ ಕೇಳತೀವಿ.