ಬೋರ್ಡಲ್ಲಿ 499, ಬಿಲ್ಲಲ್ಲಿ 589

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಮನೆಗೆ ಬರೋ ವೈಫೈ ಬಿಲ್ಲಿನ ಬಗ್ಗೆ ಒಂದಿಷ್ಟು ಮಾತಾಡೋಣ ಅಂತಿದೀನಿ. ಲೈಟ್ ಕಂಬಕ್ಕೆ ಕಟ್ಟಿರೋ ಫ್ಲೆಕ್ಸ್ ನೋಡಿರ್ತೀರ, ತಿಂಗಳಿಗೆ 499 ಅಂತ ದಪ್ಪ ಅಕ್ಷರದಲ್ಲಿ ಇರುತ್ತೆ, ಕೆಳಗೆ ಮೂಲೇಲಿ ಕನ್ನಡಕ ಹಾಕ್ಕೊಂಡ್ರೂ ಕಾಣದಷ್ಟು ಸಣ್ಣದಾಗಿ ಜಿಎಸ್‌ಟಿ ಪ್ರತ್ಯೇಕ ಅಂತ ಇರುತ್ತೆ. 18 ಪರ್ಸೆಂಟ್ ಸೇರಿಸಿ ನೋಡಿ, 588 ರೂಪಾಯಿ 82 ಪೈಸೆ ಆಗುತ್ತೆ. ಅದಾದ್ಮೇಲೆ ಇನ್‌ಸ್ಟಾಲೇಶನ್ ಚಾರ್ಜು, ರೂಟರ್‌ಗೆ ಡೆಪಾಸಿಟ್ಟು, ಅದೆರಡೂ ಬೇಡ ಅಂದ್ರೆ "ಸರ್ ಆರು ತಿಂಗಳದ್ದು ಒಟ್ಟಿಗೆ ಕಟ್ಬಿಡಿ, ಎಲ್ಲಾ ಫ್ರೀ ಮಾಡ್ಸಿಕೊಡ್ತೀನಿ" ಅಂತಾನೆ ಲೈನ್ ಎಳೆಯೋಕೆ ಬಂದ ಹುಡುಗ. ಅವನದೇನೂ ತಪ್ಪಿಲ್ಲ, ಅವನಿಗೆ ಮೇಲಿಂದ ಹೇಳಿಕೊಟ್ಟಿದ್ದು ಅಷ್ಟೇ. ಆದ್ರೆ ಟೈಲರಿಂಗ್ ಮಾಡಿ ಮನೆ ನಡೆಸೋ ಹೆಂಗಸು ಆರು ತಿಂಗಳ ದುಡ್ಡು, ಮೂರೂವರೆ ಸಾವಿರ, ಒಂದೇ ಸಲ ಎಲ್ಲಿಂದ ತರಬೇಕು? ನಮ್ಮಲ್ಲಿ ಇಂಟರ್‌ನೆಟ್ ಅಗ್ಗ, ಪ್ರಪಂಚದಲ್ಲೇ ಅಗ್ಗ ಅಂತ ಎಲ್ರೂ ಹೇಳ್ತಾರಲ್ಲ, ಅದು ಮೊಬೈಲ್ ಡೇಟಾದ ಮಾತು. 2014ರಲ್ಲಿ ಒಂದು ಜಿಬಿಗೆ ಇನ್ನೂರೈವತ್ತು ರೂಪಾಯಿ ಮೇಲಿತ್ತು, ಈಗ ಹತ್ತು ರೂಪಾಯಿ ಆಸುಪಾಸಿಗೆ ಬಂದಿದೆ, ಒಪ್ಪಿದೆ. ಆದ್ರೆ ವೈರ್ ಎಳೆದು ಮನೆಗೆ ಕೊಡೋ ಬ್ರಾಡ್‌ಬ್ಯಾಂಡ್ ಇರೋದು ಇಡೀ ದೇಶದಲ್ಲಿ ನಾಲ್ಕು ಕೋಟಿ ಚಿಲ್ಲರೆ ಕನೆಕ್ಷನ್ ಮಾತ್ರ, ಮಿಕ್ಕವರೆಲ್ಲ ಮೊಬೈಲ್ ಪ್ಯಾಕಲ್ಲೇ ಮಕ್ಕಳ ಓದು, ಪಹಣಿ, ಬ್ಯಾಂಕು ಎಲ್ಲಾ ಮಾಡ್ಕೊತಿದಾರೆ.

ಈ ರೇಟನ್ನ ಯಾರು ಫಿಕ್ಸ್ ಮಾಡೋದು ಅಂತ ಕೇಳಿದ್ರೆ ಸುಮಾರು ಜನ ಸರ್ಕಾರ ಅಂತಾರೆ. ಇಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅದೇ ಟ್ರಾಯ್, ಇಂಟರ್‌ನೆಟ್ ದರವನ್ನ ಹೆಚ್ಚುಕಮ್ಮಿ ಮಾರುಕಟ್ಟೆಗೇ ಬಿಟ್ಟುಬಿಟ್ಟಿದೆ, ಕಂಪನಿಗಳು ಪ್ಲಾನ್ ತಂದು ಟ್ರಾಯ್‌ಗೆ ತಿಳಿಸಿದ್ರೆ ಸಾಕು. ಹಾಗಾಗಿ ರೇಟ್ ಇಳಿಸೋಕೆ ಇರೋದು ಎರಡೇ ದಾರಿ, ಒಂದೋ ಏರಿಯಾದಲ್ಲಿ ಇನ್ನೊಬ್ಬ ಸಪ್ಲೈ ಮಾಡೋನು ಇರ್ಬೇಕು, ಇಲ್ಲಾ ನಾವು ಗಲಾಟೆ ಮಾಡ್ಬೇಕು. ನಾನು ಇಷ್ಟು ವರ್ಷ ಬಳಕೆದಾರರ ಗುಂಪಲ್ಲಿ ಓಡಾಡಿ ನೋಡಿದ್ರಲ್ಲಿ ಮೊದಲನೇದು ನಾವು ಅಂದ್ಕೊಂಡಷ್ಟು ಇಲ್ವೇ ಇಲ್ಲ.

ಬೆಂಗಳೂರಿನ ಅಪಾರ್ಟ್‌ಮೆಂಟ್ ತಗೊಳ್ಳಿ. ನೂರಾರು ಮನೆ, ಹೊರಗೆ ರೋಡಲ್ಲಿ ಐದಾರು ಕಂಪನಿ ಕೇಬಲ್ ನೇತಾಡ್ತಾ ಇರುತ್ತೆ, ಒಳಗೆ ಮಾತ್ರ ಒಂದೇ ಕಂಪನಿ. ಯಾಕೆ ಅಂದ್ರೆ ಪ್ರತಿ ಫ್ಲೋರಲ್ಲಿ ಲಿಫ್ಟ್ ಪಕ್ಕ ವೈರ್‌ಗಳು ಹೋಗೋ ಒಂದು ಡಕ್ಟ್ ಇರುತ್ತೆ ನೋಡಿ, ಅದರ ಬೀಗದ ಕೈ ಇರೋದು ಅಸೋಸಿಯೇಶನ್ ಹತ್ರ, ಇಲ್ಲಾ ಬಿಲ್ಡರ್ ಹತ್ರ, ಅವರು ಒಂದು ಕಂಪನಿ ಜೊತೆ ಒಪ್ಪಂದ ಮಾಡ್ಕೊಂಡಿರ್ತಾರೆ, ಬೇರೆಯವರು ಬಂದ್ರೆ ಸೆಕ್ಯುರಿಟಿ ಗೇಟಲ್ಲೇ ವಾಪಸ್ ಕಳಿಸ್ತಾನೆ. ಬಾಡಿಗೆಗೆ ಇರೋರಿಗಂತೂ ಇದು ಗೊತ್ತೇ ಇರಲ್ಲ, "ಈ ಬಿಲ್ಡಿಂಗಲ್ಲಿ ಇದೊಂದೇ ಸರ್ ಬರೋದು" ಅಂತ ಯಾರೋ ಹೇಳಿದ್ದನ್ನ ನಂಬ್ಕೊಂಡು ಕಟ್ತಾ ಇರ್ತಾರೆ. ಬಿಲ್ಡಿಂಗ್ ಒಳಗೆ ಎಲ್ಲಾ ಕಂಪನಿಗೂ ಭೇದಭಾವ ಇಲ್ಲದೆ ದಾರಿ ಬಿಡ್ಬೇಕು ಅಂತ ಟ್ರಾಯ್ 2017ರ ಜನವರಿಯಲ್ಲೇ ಶಿಫಾರಸು ಮಾಡಿತ್ತು. ಶಿಫಾರಸು ಅಷ್ಟೇ. ನಿಮ್ಮ ಅಸೋಸಿಯೇಶನ್ ಜನರಲ್ ಬಾಡಿ ಮೀಟಿಂಗಲ್ಲಿ ಪಾರ್ಕಿಂಗ್ ಜಗಳ ಮುಗಿದ್ಮೇಲೆ ಒಂದು ಐದು ನಿಮಿಷ ಆ ಒಪ್ಪಂದದ ಕಾಗದ ತೋರಿಸಿ ಅಂತ ಕೇಳಿ ನೋಡಿ, ಯಾರ ಮುಖ ಹೇಗಾಗುತ್ತೆ ಅಂತ. ಸಣ್ಣ ಊರುಗಳ ಕಥೆ ಇನ್ನೂ ಬೇರೆ, ಅಲ್ಲಿ ಈ ಬೀದಿ ಇವನದು ಆ ಬೀದಿ ಅವನದು ಅಂತ ಕೇಬಲ್ ಆಪರೇಟರ್‌ಗಳೇ ಹಂಚ್ಕೊಂಡಿರ್ತಾರೆ.

ಹಾಗಾಗಿ ಉಳಿದಿದ್ದು ಗಲಾಟೆ. ಗಲಾಟೆ ಅಂದ್ರೆ ಕಲ್ಲು ಹೊಡೆಯೋದಲ್ಲ ಮತ್ತೆ. 2015ರ ಮಾರ್ಚಲ್ಲಿ ಟ್ರಾಯ್ ಒಂದು ಸಮಾಲೋಚನಾ ಪತ್ರ, ಅಂದ್ರೆ ನಿಯಮ ಮಾಡೋಕೆ ಮುಂಚೆ ಜನರ ಅಭಿಪ್ರಾಯ ಕೇಳೋ ಕಾಗದ, ಬಿಡ್ತು, 118 ಪುಟ, 20 ಪ್ರಶ್ನೆ, ಎಲ್ಲಾ ಇಂಗ್ಲಿಷಲ್ಲಿ, ವಾಟ್ಸಾಪ್ ಸ್ಕೈಪ್ ತರದ್ದನ್ನ ಹೇಗೆ ನೋಡ್ಬೇಕು, ಒಂದೊಂದು ಸೈಟಿಗೆ ಒಂದೊಂದು ರೇಟ್ ಹಾಕ್ಬೋದಾ ಅಂತೆಲ್ಲ. ಇಂಥದ್ದನ್ನ ಸಾಮಾನ್ಯವಾಗಿ ಕಂಪನಿಗಳ ವಕೀಲರು ಬಿಟ್ರೆ ಯಾರೂ ಓದಲ್ಲ. ಆ ಸಲ ಕೆಲವು ಹುಡುಗರು ಹುಡುಗಿಯರು ಸೇರ್ಕೊಂಡು ಅದನ್ನ ಅರ್ಥ ಆಗೋ ಹಾಗೆ ಚಿಕ್ಕದು ಮಾಡಿ, ಪ್ರಶ್ನೆಗಳಿಗೆ ಉತ್ತರಾನೂ ಬರೆದು, ಸೇವ್ ದಿ ಇಂಟರ್‌ನೆಟ್ ಅಂತ ಹೆಸರಿಟ್ಟು ಬಿಟ್ರು, ಕೆಲವೇ ವಾರದಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಇಮೇಲ್ ಹೋಯ್ತು. ವರ್ಷದ ಕೊನೇಲಿ ಟ್ರಾಯ್ ಈ ರೇಟಿನ ವಿಷಯಕ್ಕೇ ನಾಲ್ಕು ಪ್ರಶ್ನೆಯ ಇನ್ನೊಂದು ಪತ್ರ ಬಿಡ್ತು, ಆಗ ಫೇಸ್‌ಬುಕ್‌ನವರು ತಮ್ಮ ಫ್ರೀ ಬೇಸಿಕ್ಸ್, ಅಂದ್ರೆ ಆಯ್ದ ಕೆಲವು ಸೈಟ್ ಮಾತ್ರ ಉಚಿತವಾಗಿ ಕೊಡೋ ಯೋಜನೆ, ಅದರ ಪರವಾಗಿ ಜನರಿಂದ ಲಕ್ಷಗಟ್ಟಲೆ ಮೆಸೇಜ್ ಹೋಗೋ ಹಾಗೆ ಮಾಡಿದ್ರು, ಆದ್ರೆ ಟ್ರಾಯ್ ಏನಂತು ಗೊತ್ತಾ, ನಾವು ಕೇಳಿದ ನಾಲ್ಕು ಪ್ರಶ್ನೆಗೆ ಇದರಲ್ಲಿ ಉತ್ತರಾನೇ ಇಲ್ವಲ್ಲ ಅಂತು! ನನಗೆ ಇದು ತುಂಬಾ ಮುಖ್ಯ ಅನ್ಸುತ್ತೆ, ತಲೆ ಎಣಿಕೆ ಒಂದೇ ಸಾಕಾಗಲ್ಲ, ಕೇಳಿದ್ದಕ್ಕೆ ಉತ್ತರ ಬರೀಬೇಕು. 2016ರ ಫೆಬ್ರವರಿ 8ಕ್ಕೆ ಆದೇಶ ಬಂತು, ಸೈಟ್ ನೋಡಿ ರೇಟ್ ಬದಲಾಯಿಸೋ ಹಾಗಿಲ್ಲ ಅಂತ.

ಅದೇ ವರ್ಷ ಅಕ್ಟೋಬರಲ್ಲಿ ಇನ್ನೊಂದು ಆಯ್ತು, ಅದು ಅಷ್ಟು ಸುದ್ದಿ ಆಗ್ಲಿಲ್ಲ. ಅನ್‌ಲಿಮಿಟೆಡ್ ಅಂತ ಹೇಳಿ ಪ್ಲಾನ್ ಮಾರ್ತಿದ್ರು, ಒಂದಿಷ್ಟು ಜಿಬಿ ಮುಗಿದ ತಕ್ಷಣ ಸ್ಪೀಡ್ ಪಾತಾಳಕ್ಕೆ ಬೀಳ್ತಿತ್ತು, ಒಂದು ಫೋಟೋ ಓಪನ್ ಆಗೋಷ್ಟರಲ್ಲಿ ಕಾಫಿ ಕುಡಿದು ಬರಬಹುದಿತ್ತು. ಎಷ್ಟೇ ಬಳಸಿದ್ರೂ ವೈರ್ ಬ್ರಾಡ್‌ಬ್ಯಾಂಡಲ್ಲಿ 512 ಕೆಬಿಪಿಎಸ್‌ಗಿಂತ ಕಮ್ಮಿ ಇಳಿಸೋ ಹಾಗಿಲ್ಲ ಅಂತ ಟ್ರಾಯ್ ಹೇಳ್ತು. ಬ್ರಾಡ್‌ಬ್ಯಾಂಡ್ ಅಂತ ಕರೆಸ್ಕೊಳ್ಳೋಕೆ 2004ರಲ್ಲಿ 256 ಇದ್ರೆ ಸಾಕಿತ್ತು, 2013ರಲ್ಲಿ 512 ಆಯ್ತು, 2023ರ ಜನವರಿಯಲ್ಲಿ 2 ಎಂಬಿಪಿಎಸ್, ಅಂದ್ರೆ ಅದರ ಸುಮಾರು ನಾಲ್ಕು ಪಟ್ಟು ಆಯ್ತು. ಆಮೇಲೆ ಮೊಬೈಲಲ್ಲಿ 28 ದಿನದ ತಿಂಗಳು, ಅದನ್ನ ಮರೆಯೋಕಾಗುತ್ತಾ! 28 ದಿನದ ಲೆಕ್ಕದಲ್ಲಿ ವರ್ಷಕ್ಕೆ 13 ಸಲ ರೀಚಾರ್ಜ್. ಜನ ದೂರಿ ದೂರಿ 2022ರ ಜನವರಿಯಲ್ಲಿ ಟ್ರಾಯ್ ಪ್ರತಿ ಕಂಪನಿನೂ 30 ದಿನದ ಪ್ಯಾಕ್ ಇಡ್ಲೇಬೇಕು ಅಂತ ಆದೇಶ ಮಾಡ್ತು. ಆ ಪ್ಯಾಕ್ ಇದೆ, ಆದ್ರೆ ಆ್ಯಪಲ್ಲಿ ಮೇಲುಗಡೆ ಕಾಣಲ್ಲ, ಹುಡುಕ್ಬೇಕು.

ನಮ್ಮ ಮಲೆನಾಡಿನ ಕಡೆಗೆ ಬಂದ್ರೆ ರೇಟ್ ಆಮೇಲೆ, ಮೊದಲು ಸಿಗ್ನಲ್ ಕೊಡಿ ಅನ್ನೋ ಪರಿಸ್ಥಿತಿ. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಲ್ಲಿ ಆನ್‌ಲೈನ್ ಕ್ಲಾಸ್ ಕೇಳ್ತಾ ಕೂತ ಮಗಳಿಗೆ ಅಪ್ಪ ಕೊಡೆ ಹಿಡ್ಕೊಂಡು ನಿಂತಿದ್ದ ಫೋಟೋ ಎಲ್ರೂ ನೋಡಿದೀರಿ. ಅದೇ ಹೊತ್ತಲ್ಲಿ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ ನೋ ನೆಟ್‌ವರ್ಕ್ ನೋ ವೋಟಿಂಗ್ ಅಂತ ಅಭಿಯಾನ ಶುರುವಾಯ್ತು. ವೋಟ್ ಹಾಕಲ್ಲ ಅನ್ನೋದು ಸರೀನಾ ಅಂತ ಕೇಳಿದ್ರೆ ನಾನಂತೂ ಹಾಕಿ ಅಂತಾನೇ ಹೇಳೋನು, ಆದ್ರೆ ಅಧಿಕಾರಿಗಳು ಕಿವಿ ಕೊಟ್ಟಿದ್ದು ಆ ಅಭಿಯಾನ ಕಂಡ್ಮೇಲೇನೇ. ಪಕ್ಕದ ಕೇರಳದಲ್ಲಿ 2023ರ ಜೂನಲ್ಲಿ ಕೆ-ಫೋನ್ ಅಂತ ಸರ್ಕಾರದ್ದೇ ಫೈಬರ್ ಶುರು ಮಾಡಿದ್ರು, ಬಡ ಕುಟುಂಬಗಳಿಗೆ ಉಚಿತ, ಮಿಕ್ಕವರಿಗೆ 20 ಎಂಬಿಪಿಎಸ್ ಪ್ಲಾನ್ 299ರಿಂದ. ಮನೆ ಮನೆಗೆ ಮುಟ್ಟಿಸೋದು ಹೇಳಿದಷ್ಟು ಬೇಗ ಆಗ್ಲಿಲ್ಲ, ಅದು ಬೇರೆ ಮಾತು. ದೆಹಲಿಯಲ್ಲಿ ಟ್ರಾಯ್ ಕೂಡ 2021ರಲ್ಲಿ ಒಂದು ಸಲಹೆ ಕೊಟ್ಟಿತ್ತು, ಹಳ್ಳಿಯ ಬ್ರಾಡ್‌ಬ್ಯಾಂಡ್ ಗ್ರಾಹಕರಿಗೆ ತಿಂಗಳ ಬಿಲ್ಲಿನ ಅರ್ಧ, ಹೆಚ್ಚೆಂದ್ರೆ 200 ರೂಪಾಯಿ, ನೇರ ಖಾತೆಗೆ ಹಾಕೋಣ, ಮೊದಲು ಪ್ರಯೋಗಕ್ಕೆ ಮಾಡಿ ನೋಡೋಣ ಅಂತ. ಗ್ಯಾಸ್ ಸಬ್ಸಿಡಿ ಬಗ್ಗೆ ಕೇಳೋ ನಾವು ಇದರ ಬಗ್ಗೆ ನಮ್ಮ ಸಂಸದರನ್ನ ಒಂದು ಸಲನಾದ್ರೂ ಕೇಳಿದೀವಾ?

ಇನ್ನು ಲೈನ್ ಹೋದಾಗ ಏನು ಮಾಡ್ಬೇಕು. ಲೈನ್‌ಮ್ಯಾನ್ ನಂಬರ್‌ಗೆ ವಾಟ್ಸಾಪ್ ಮಾಡಿ ಕೂತ್ಕೋಬೇಡಿ, ಅದು ಎಲ್ಲೂ ದಾಖಲೆ ಆಗಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಡಾಕೆಟ್ ನಂಬರ್, ಅಂದ್ರೆ ನಿಮ್ಮ ದೂರಿನ ನಂಬರ್ ಇಸ್ಕೊಂಡು, ತಾರೀಕು ಹಾಕಿ ಕ್ಯಾಲೆಂಡರ್ ಮೇಲೆ ಬರೆದಿಡಿ. ಮೂರು ಕೆಲಸದ ದಿನ ದಾಟಿದ್ರೆ ಬಿಲ್ಲಲ್ಲಿ ಕಡಿತ ಕೊಡ್ಬೇಕು ಅಂತ 2006ರಲ್ಲೇ ಟ್ರಾಯ್ ನಿಯಮ ಮಾಡಿದೆ. ನಮ್ಮ ಬೀದಿಯ ಒಬ್ಬರು ರಿಟೈರ್ಡ್ ಮೇಷ್ಟ್ರಿಗೆ ಒಂದು ವಾರ ಲೈನ್ ಇರ್ಲಿಲ್ಲ, ಕಂಪನಿ ಹೆಸರು ಬೇಡ, ಅವರು ಡಾಕೆಟ್ ನಂಬರ್ ಹಿಡ್ಕೊಂಡು ಕೇಳಿದ್ರು, ಮುಂದಿನ ಬಿಲ್ಲಲ್ಲಿ ಕಳೆದು ಕೊಟ್ರು. ಅದೇ ಕಂಬದಿಂದ ಲೈನ್ ತಗೊಂಡಿರೋ ಬೇರೆ ಮನೆಯವರು ಕೇಳ್ಲಿಲ್ಲ, ಅವರಿಗೆ ಕೊಡ್ಲೂ ಇಲ್ಲ. ಕಸ್ಟಮರ್ ಕೇರಲ್ಲಿ ಸರಿಹೋಗ್ಲಿಲ್ಲ ಅಂದ್ರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೀಬೇಕು, ದುಡ್ಡೇನೂ ಇಲ್ಲ, 39 ದಿನದಲ್ಲಿ ತೀರ್ಮಾನ ಕೊಡ್ಬೇಕು. ಟ್ರಾಯ್‌ಗೇ ನೇರ ದೂರು ಕೊಡ್ತೀನಿ ಅಂತ ಹೋಗ್ಬೇಡಿ, ಒಬ್ಬೊಬ್ಬರ ದೂರನ್ನ ಅವರು ವಿಚಾರಣೆ ಮಾಡಲ್ಲ.

ಗ್ರಾಹಕರ ಆಯೋಗಕ್ಕೂ ಹೋಗಬಹುದು. 2009ರಲ್ಲಿ ಸುಪ್ರೀಂ ಕೋರ್ಟ್ ಫೋನ್ ಬಿಲ್ ತಕರಾರು ಅಲ್ಲಿಗೆ ತರೋ ಹಾಗಿಲ್ಲ ಅಂದಿತ್ತು, ಅದನ್ನೇ ಹೇಳಿ ಕಂಪನಿಗಳು ಎಷ್ಟೋ ಜನರನ್ನ ಬಾಗಿಲಿಂದ ವಾಪಸ್ ಕಳಿಸಿದ್ವು, 2022ರ ಫೆಬ್ರವರಿಯಲ್ಲಿ ಅದೇ ಕೋರ್ಟು ಬರಬಹುದು ಅಂತ ಸ್ಪಷ್ಟ ಮಾಡಿದೆ. ಐದು ಲಕ್ಷದವರೆಗಿನ ಕೇಸಿಗೆ ಜಿಲ್ಲಾ ಆಯೋಗದಲ್ಲಿ ಫೀಸಿಲ್ಲ, ವಕೀಲರು ಇರ್ಲೇಬೇಕು ಅಂತನೂ ಇಲ್ಲ. ಅದಕ್ಕೂ ಮುಂಚೆ 1915ಕ್ಕೆ ಫೋನ್ ಮಾಡಿ ನೋಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಟ್ರಾಯ್ ವೆಬ್‌ಸೈಟಲ್ಲಿ ಹೊಸ ಸಮಾಲೋಚನಾ ಪತ್ರ ಬಂದಾಗ ಅಭಿಪ್ರಾಯ ಕಳಿಸೋಕೆ ಸಾಮಾನ್ಯವಾಗಿ ನಾಲ್ಕು ವಾರ ಟೈಮ್ ಇರುತ್ತೆ, ಕಳಿಸಿದೋರ ಪತ್ರಗಳನ್ನ ಅವರು ಹಾಗೇ ವೆಬ್‌ಸೈಟಿಗೆ ಹಾಕ್ತಾರೆ, ಓದಿ ನೋಡಿ, ಕಂಪನಿಯವರದ್ದು ನಲವತ್ತು ಐವತ್ತು ಪುಟ ಇರುತ್ತೆ. ನಿಮ್ಮದು ಒಂದು ಪುಟ ಇದ್ರೂ ಸಾಕು, ಪ್ರಶ್ನೆ ನಂಬರ್ ಹಾಕಿ, ನಿಮ್ಮ ಊರಿನ ಹೆಸರು ಹಾಕಿ, ತಿಂಗಳಿಗೆ ಎಷ್ಟು ಕಟ್ತಿದೀರಿ, ಎಷ್ಟು ದಿನ ಲೈನ್ ಇರಲ್ಲ ಅಂತ ಬಿಲ್ಲಿನ ಕಾಪಿ ಜೊತೆ ಕಳಿಸಿ. ನಮಸ್ಕಾರ.